ಖಾಲಾ ಅವರ ನಾಯಿಯನ್ನು ಹಡಗು ಹತ್ತಿಸಿದ್ದು

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲೆ ಬಂದ ಎರಡನೆಯ ಬೇಸಿಗೆ ಇರಬೇಕು. ಆಗ ನಾನು ಔರಾದಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲಿಯೇ ಕಲಿಸುತ್ತಿದ್ದವನು, ಅದೇ ಲೆಕ್ಕ, ಅದೇ ಭೂಗೋಳವನ್ನು ಈಗ ಕನ್ನಡದಲ್ಲಿ ಹೇಳಬೇಕಾಗಿತ್ತು. ಭಾಗಾಕಾರ ಎಂದು ಹೇಳಬೇಕಾದಲ್ಲಿ ಬಾಯಿಗೆ ತಕ್ಸೀಮ್ ಬರುತ್ತಿತ್ತು. ಸಂಜೆ ಮನೆಗೆ ಬಂದರೆ ನಾಲಿಗೆಗೇ ದಣಿವಾದಂತಿರುತ್ತಿತ್ತು. ಬೇಸಿಗೆ ರಜೆಯನ್ನು ಮಲಗಿಯೇ ಕಳೆಯಬೇಕೆಂದು ನಿಶ್ಚಯಿಸಿಕೊಂಡಿದ್ದೆ.

ರಜೆ ಶುರುವಾದ ವಾರದಲ್ಲೇ ಖಾಲಾ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ನಮ್ಮ ಎದುರಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದ ಮುಸಲ್ಮಾನ ವಿಧವೆ ಅವರು; ಖಾಲಾ, ಎಂದರೆ ಚಿಕ್ಕಮ್ಮ, ಎಂದು ಓಣಿಯವರೆಲ್ಲ ಕರೆಯುತ್ತಿದ್ದರು. ಗಂಡ ತಹಸೀಲ್ ಕಚೇರಿಯಲ್ಲಿ ಕಾರಕೂನರಾಗಿದ್ದು ತೀರಿಕೊಂಡಿದ್ದರು. ಒಬ್ಬನೇ ಮಗ, ಕರಾಚಿಗೆ ಹೋಗಿ ಅಲ್ಲಿಯೇ ನೌಕರಿ ಹಿಡಿದಿದ್ದ. ತಾಯಿಯನ್ನು ಕರೆಸಿಕೊಳ್ಳಲು ಪರ್ಮಿಟ್ ಮಾಡಿಸಿ ಕಳುಹಿಸಿದ್ದ. ಕರಾಚಿಯ ಹಡಗು ಮುಂಬೈಯಿಂದ ಹೊರಡುತ್ತಿತ್ತು.

"ಬೇಟಾ, ನನಗ ಮುಂಬೈ ತನಕ ಬಿಟ್ಟು ಬರ್ತಿಯೇನು?" ಎಂದರು ಖಾಲಾ.

"ಬರ್ತೇನಿ ಖಾಲಾ, ಅದ್ರಾಗೇನದರಿ?" ಎಂದೆ.

"ನನಗ ಒಬ್ಬಾಕಿಗೇ ಅಲ್ಲ. ಅದಕ್ಕೂ." ಗದ್ದ ಎತ್ತಿ ತಮ್ಮ ಹೊಸ್ತಿಲ ಕಡೆ ತೋರಿಸಿದರು. ಅಲ್ಲಿ ಅವರ ನಾಯಿ ಮಲಗಿತ್ತು. ಉದ್ದ ಕಾಲಿನ, ಸಪೂರ ಹೊಟ್ಟೆಯ, ಕೆಂದು ಬಣ್ಣದ ಬೇಟೆನಾಯಿ. ಮರಿಯಿದ್ದಾಗ ಅವರ ಗಂಡ ಯಾರೋ ಕುರುಬರಿಂದ ತಂದದ್ದು. ಖಾಲಾ ಅದನ್ನೂ ಬೇಟಾ ಎಂದೇ ಕರೆಯುತ್ತಿದ್ದರು. ಅವರು ಕರೆದಾಗ ಎಷ್ಟೋ ಸಲ ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದುಂಟು.

ಒಳಗಿನಿಂದ ನನ್ನ ಅವ್ವ ಕೇಳಿದಳು: "ಏ ಬಾಯಿ, ಹಡಗದಾಗ ನಾಯಿಗ ಕೂಡಸ್ತಾರೇನ? ಇಲ್ಲೇ ಬಿಟ್ಟು ಹೋಗು, ನಾ ರೊಟ್ಟಿ ಹಾಕ್ತೇನಿ."

"ಬಿಟ್ಟು ಹೋಗಂಗಿದ್ರ ನಾನೂ ಇಲ್ಲೇ ಇರ್ತೇನಿ ತಗೋ" ಎಂದು ಖಾಲಾ ಎದ್ದು ಹೋದರು.

ಮೋಟಾರಿನವನು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಹಾಗಾಗಿ ಔರಾದಿನಿಂದ ಬೀದರಿಗೆ ಎತ್ತಿನ ಗಾಡಿಯಲ್ಲಿ ಹೊರಟೆವು. ಬಿಸಿಲಿಗೆ ಕೆಮ್ಮಣ್ಣು ಕಾದು ಕಣ್ಣಿಗೆ ಹೊಡೆಯುತ್ತಿತ್ತು. ನಾಯಿ ಸ್ವಲ್ಪ ದೂರ ಗಾಡಿಯ ನೆರಳಿನಲ್ಲಿ ಕುಂಟುತ್ತ ನಡೆಯಿತು, ಆಮೇಲೆ ನಾವೇ ಎತ್ತಿ ಮೇಲೆ ಹಾಕಿಕೊಂಡೆವು. ಆಗ ಖಾಲಾ ಅದರ ಹಿಂಗಾಲನ್ನು ಸವರುತ್ತ ಮಾತಾಡಿದರು.

ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ ಅವ್ವ ಅವರನ್ನು ನಮ್ಮ ಮನೆಯಲ್ಲಿ, ಜೋಳದ ಚೀಲ ಒಟ್ಟಿದ್ದ ಕತ್ತಲೆ ಖೋಲಿಯಲ್ಲಿ ಅಡಗಿಸಿ ಇಟ್ಟಿದ್ದಳು. ನಾಯಿ ಮಾತ್ರ ಎದುರಿನ ಬೀಗ ಹಾಕಿದ ಬಾಗಿಲ ಮುಂದೆಯೇ ಉಳಿದಿತ್ತು. ಮುಸಲ್ಮಾನರ ಮನೆಗಳನ್ನು ಹುಡುಕುತ್ತ ಎಲ್ಲಿಂದಲೋ ಬಂದ ಗುಂಪೊಂದು ಆ ಬಾಗಿಲು ಒಡೆಯಲು ನಿಂತಾಗ ಅದು ಅಡ್ಡ ಬಂತು. ಒಬ್ಬ ಬಡಿಗೆಯಿಂದ ಕಾಲು ಮುರಿದ. ಆದರೂ ಅದು ಜಾಗ ಬಿಡಲಿಲ್ಲ. ನನ್ನ ಅಪ್ಪ ಮತ್ತು ಓಣಿಯ ಹಿರಿಯರು ಸೇರಿ ಗದರಿಸಿದ ಮೇಲೆ ಗುಂಪು ಹೋಯಿತು.

"ನಾ ಸಂದಿನ್ಯಾಗಿಂದ ನೋಡಲಿಕತ್ತಿದ್ದೆ ಬೇಟಾ" ಎಂದರು ಖಾಲಾ. "ಅದು ಒದರ್ತಿತ್ತು. ನಾ ಕರದ್ರ ಬಂದು ಬಿಡ್ತಿತ್ತು, ಕಾಲಾದ್ರೂ ಉಳೀತಿತ್ತು. ಆದ್ರ ಕರದ್ರ ನಾ ಎಲ್ಲಿ ಇದ್ದೇನಿ ಅಂತ ತಿಳೀತಿತ್ತಲ್ಲ. ಬಾಯಿ ಮುಚಗೊಂಡು ಕೂತೆ."

ನಾನು ಎತ್ತುಗಳ ಕಡೆ ನೋಡುತ್ತ ಕುಳಿತೆ.

ಬೀದರದಲ್ಲಿ ಚೌಬಾರಾ ಗೋಪುರದ ಹತ್ತಿರ ಖಾಲಾ ಅವರ ದೂರದ ಸಂಬಂಧದ ತಮ್ಮ ಒಬ್ಬ ಚಹಾದ ಹೋಟೆಲ್ ಇಟ್ಟುಕೊಂಡಿದ್ದ. ಅವನ ಅಟ್ಟದ ಮೇಲೆ ಇಳಿದುಕೊಂಡೆವು. ದನದ ದವಾಖಾನೆಯ ಡಾಕ್ಟರು ಹೊರಗಿನ ಪ್ರಾಂತದಿಂದ ಹೊಸದಾಗಿ ಬಂದವರು, ಉರ್ದು ಬಾರದವರು. ಹಡಗಿನವರಿಗೆ ತೋರಿಸಲು ನಾಯಿಗೆ ಹುಚ್ಚು ಇಲ್ಲವೆಂದು ಬರೆದುಕೊಡಲು ಅದನ್ನು ಕೆಲವು ದಿನ ಕಟ್ಟಿಹಾಕಿ ನೋಡಬೇಕೆಂದರು. ಖಾಲಾ ದಿನವೂ ಬುರ್ಖಾ ಹಾಕಿಕೊಂಡು ಹೋಗಿ ದವಾಖಾನೆಯ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ನಾನು ಅವರಿಗೆ ಊಟ ಒಯ್ಯುವುದು, ನಾಯಿಗೆ ನೀರು ಇಡುವುದು, ಸ್ಟೇಷನ್ನಿಗೆ ಹೋಗಿ ಗಾಡಿಯ ಹೊತ್ತು ಕೇಳುವುದು, ಇಷ್ಟರಲ್ಲೇ ರಜೆ ಕರಗುತ್ತಿತ್ತು. ಕೊನೆಗೆ ಡಾಕ್ಟರು ಹಳೆಯ ಸರ್ಕಾರದ ಉರ್ದು ಅಚ್ಚಿನ ಕಾಗದದ ಮೇಲೆಯೇ ಇಂಗ್ಲಿಷಿನಲ್ಲಿ ತುಂಬಿ ಸಹಿ ಮಾಡಿಕೊಟ್ಟರು. ಹೊಸ ಕಾಗದ ಇನ್ನೂ ಬಂದಿರಲಿಲ್ಲ.

ರೈಲಿನಲ್ಲಿ ಗಾರ್ಡ್ ಮೊದಲು ನಾಯಿಯನ್ನು ತನ್ನ ಡಬ್ಬಿಯಲ್ಲೇ ಕಟ್ಟಿಸಿಕೊಂಡ. ಹಲಬರ್ಗಾದಲ್ಲಿ ಹಮಾಲರು ಸಾಮಾನು ಹತ್ತಿಸಲು ಬಂದಾಗ ಅದು ಅವರ ಮೇಲೆ ಎಗರಿತು. ಕೈಯಲ್ಲಿ ಬಡಿಗೆ ಹಿಡಿದವರನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಭಾಲ್ಕಿ ಬಂದದ್ದೇ ಗಾರ್ಡ್ ನಮ್ಮನ್ನು ಇಳಿಸಿದ.

"ಪೆಟ್ಟಿಗಿ ಮಾಡಿಸ್ಕೊಂಡು ಬರ್ರಿ. ಇಲ್ಲಾಂದ್ರ ನಾ ಒಯ್ಯೂದಿಲ್ಲ" ಎಂದು ಹಸಿರು ನಿಶಾನೆ ಬೀಸಿಬಿಟ್ಟ.

ಭಾಲ್ಕಿಯಲ್ಲಿ ನನ್ನ ಅಕ್ಕನನ್ನು ಕೊಟ್ಟಿತ್ತು. ಸಾಮಾನು ಅವಳ ಮನೆಯಲ್ಲಿಟ್ಟು, ಭಾವ ಹೇಳಿದ ಬಡಿಗನ ಹತ್ತಿರ ಹೋದೆವು. ನಡುವಯಸ್ಸಿನ ಆಳು. ಕೊರಳಲ್ಲಿ ಲಿಂಗ, ಕೈಯಲ್ಲಿ ಬಾಚಿ. ಯಾರ ನಾಯಿ, ಎಲ್ಲಿಗೆ ಎಂದು ಕೇಳಿದ. ನಾನು ಇದ್ದದ್ದು ಹೇಳಿದೆ. ಅವನು ಬಾಚಿ ಕೆಳಗಿಟ್ಟ.

"ನಮ್ಮ ತಮ್ಮಗ ರಜಾಕಾರರು ಒಯ್ದ್ರು. ಅವನ ಕೆರ ಸೈತ ನಮಗ ಸಿಗ್ಲಿಲ್ಲ" ಎಂದ. "ಆಮ್ಯಾಗ ಇವ್ರ ಮಂದಿಗಿ ಏನೇನಾಯ್ತು, ಅದೂ ಈ ಕಣ್ಣಿಲೇ ನೋಡೇನಿ. ಮನ್ಸ್ಯಾರು ಸತ್ರ ಒಂದು ಹಲಗಿ ಯಾರೂ ಕೇಳಲಿಲ್ರಿ ನನಗ. ಈಗ ನಾಯಿಗಿ ಪೆಟ್ಟಿಗಿ ಬೇಕಂತೀರಿ."

ಖಾಲಾ ನನ್ನ ಹಿಂದೆಯೇ ನಿಂತಿದ್ದರು. ಅವರು ಅತ್ತದ್ದಾಗಲೀ ಸಿಟ್ಟಾದದ್ದಾಗಲೀ ಇಲ್ಲ.

"ಖರೇ ಹೇಳ್ತಾನ ಬೇಟಾ. ನಡಿ, ಹೋಗಮು" ಎಂದರು.

ನಾವು ತಿರುಗಿ ಹತ್ತು ಮಾರು ಹೋಗಿದ್ದೆವೋ ಇಲ್ಲವೋ, ಅವನು ಕೂಗಿದ: "ನಿಂದರ್ರಿ. ಎತ್ತರ ನೋಡ್ತೇನಿ."

ದಾರ ತಂದು ನಾಯಿಯ ಮೂಗಿನಿಂದ ಬಾಲದ ಬುಡದತನಕ, ನೆಲದಿಂದ ಕಿವಿಯತನಕ ಅಳತೆ ಹಿಡಿದ. ಅಪರಿಚಿತರನ್ನು ಮುಟ್ಟಗೊಡದ ನಾಯಿ ಸುಮ್ಮನೆ ನಿಂತಿತು. ದಣಿದಿತ್ತೋ ಏನೋ. ಮರುದಿನ ಸಂಜೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಾನೇ ಅಕ್ಕನ ಮನೆಗೆ ತಂದ. "ಗಾಳಿ ಆಡ್ಲಿಕ್ಕ ಸಂದು ಬಿಟ್ಟೇನಿ. ನೀರಿನ ಬಟ್ಟಲ ಇಲ್ಲಿ ಕೂಡ್ತದ, ಚೆಲ್ಲೂದಿಲ್ಲ" ಎಂದಷ್ಟೇ ಹೇಳಿ ಹೋದ. ಅಕ್ಕ ಚಹಾ ತರುವಷ್ಟರಲ್ಲಿ ಅವನು ಓಣಿಯ ತಿರುವು ದಾಟಿದ್ದ.

ಪರಳಿಯಲ್ಲಿ ಗಾಡಿ ಬದಲಿಸಿದೆವು, ಮನ್ಮಾಡದಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಪೆಟ್ಟಿಗೆ ಇಳಿಸು, ಹೊರು, ಗಾರ್ಡನಿಗೆ ಕೈಮುಗಿ, ಮತ್ತೆ ಹತ್ತಿಸು. ಮುಂಬೈ ತಲುಪಿದಾಗ ನನ್ನ ಎರಡೂ ಅಂಗೈ ಸುಲಿದಿದ್ದವು. ಮಗ ಹೇಳಿಟ್ಟಿದ್ದ ಮುಸಾಫಿರಖಾನೆ ಎಂಬ ಪ್ರಯಾಣಿಕರ ಛತ್ರದಲ್ಲಿ ಖಾಲಾರನ್ನು ಬಿಟ್ಟು, ನಾನು ಭಾಲ್ಕಿಯ ಕಡೆಯ ಗಿರಣಿ ಕಾರ್ಮಿಕರ ಒಂದು ಚಾಳಿನ ಖೋಲಿಯಲ್ಲಿ ಜಾಗ ಹಿಡಿದೆ.

ಬಂದರಿನ ಪಶುವೈದ್ಯರು ಬೀದರದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಉರ್ದು ಅಚ್ಚು ಅವರಿಗೆ ಓದಲು ಬರಲಿಲ್ಲ. ಇದು ನಡೆಯುವುದಿಲ್ಲ, ಇಲ್ಲಿ ಮತ್ತೆ ಇಟ್ಟು ನೋಡಬೇಕು, ಮುಂದಿನ ಹಡಗಿಗೆ ಕಳಿಸಬಹುದು ಎಂದರು. ಖಾಲಾ ಅವರ ಪರ್ಮಿಟ್ಟಿನ ಅವಧಿ ಮುಂದಿನ ಹಡಗಿನತನಕ ಇರಲಿಲ್ಲ. ನಾನು ಹಿಂದಿ, ಉರ್ದು, ಬರುವಷ್ಟು ಇಂಗ್ಲಿಷು ಎಲ್ಲದರಲ್ಲೂ ಬೇಡಿಕೊಂಡೆ. ಅವರು ಕೆಟ್ಟವರೇನಲ್ಲ. ಅವರ ಮುಂದೆ ನಮ್ಮಂಥವರ ಸಾಲೇ ಇತ್ತು, ಅವರೂ ದಣಿದಿದ್ದರು.

ಖಾಲಾ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನೀವು ಹೋಗ್ರಿ ಖಾಲಾ. ನಾ ಕಳಸ್ತೇನಿ" ಎಂದೆ.

"ನಿನ್ನ ಸಾಲಿ ಶುರು ಆಗ್ತದಲ್ಲ?"

"ಸಾಲಿ ಎಲ್ಲಿ ಓಡಿ ಹೋಗ್ತದರಿ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಮಾತು ಕೊಡು ಎನ್ನಲಿಲ್ಲ, ಆಣೆ ಹಾಕಿಸಿಕೊಳ್ಳಲಿಲ್ಲ. ಹೊರಡುವ ದಿನ ಪೆಟ್ಟಿಗೆಯ ಸಂದಿನಲ್ಲಿ ಕೈ ಹಾಕಿ ನಾಯಿಯ ಕಿವಿಯನ್ನು ಹಿಡಿದುಕೊಂಡೇ ಇದ್ದರು. ಹಡಗಿನವರು ಕರೆದಾಗ ಕೈ ತೆಗೆದು, ಹಿಂದಕ್ಕೆ ನೋಡದೆ ನಡೆದುಹೋದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುತ್ತದೆ. ಮಳೆಗಾಲ ಹಿಡಿಯಿತು. ಸಮುದ್ರ ಏರಿದ್ದರಿಂದ ಹಡಗು ಹೊರಡುವ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಚಾಳಿನಲ್ಲಿ ಗಿರಣಿಯವರು ಪಾಳಿಯ ಮೇಲೆ ಬಂದು ಮಲಗುತ್ತಿದ್ದರು. ಒಬ್ಬ ಎದ್ದರೆ ಆ ಜಾಗದಲ್ಲಿ ಇನ್ನೊಬ್ಬ, ಅವರ ನಡುವೆ ಎಲ್ಲಿ ಸಂದು ಸಿಕ್ಕರೆ ಅಲ್ಲಿ ನಾನು. ಪೆಟ್ಟಿಗೆ ಮೆಟ್ಟಿಲ ಕೆಳಗಿತ್ತು; ನಾಯಿಯನ್ನು ಆಗಾಗ ಬಂದರಿಗೆ ಒಯ್ದು ಡಾಕ್ಟರಿಗೆ ತೋರಿಸಿ ಬರಬೇಕಾಗಿತ್ತು. ನಾಯಿ ಕೂಳು ಮುಟ್ಟಲಿಲ್ಲ. ಚಾಳಿನ ಹೆಂಗಸರು ಮೊದಲು ಜಗಳಾಡಿದರು. ಆಮೇಲೆ ಅದರ ಪಕ್ಕೆಲುಬು ಎದ್ದುದನ್ನು ನೋಡಿ ಅವರೇ ಒಬ್ಬೊಬ್ಬರಾಗಿ ಏನಾದರೂ ತಂದು ಹಾಕತೊಡಗಿದರು. ಅದು ಮೂಸಿ ಮುಖ ತಿರುಗಿಸುತ್ತಿತ್ತು. ಶಾಲೆ ಶುರುವಾಗಿತ್ತು. ಊರಿಗೆ ಹೋಗಿಬಂದ ಗಿರಣಿಯವನೊಬ್ಬ, ಹೆಡ್‌ಮಾಸ್ತರರು ಸಿಟ್ಟಾಗಿದ್ದಾರೆ, ಬೇಗ ಬಾ ಎಂದು ನಿಮ್ಮ ಅಪ್ಪ ಹೇಳಿದ್ದಾರೆ ಎಂದ.

ಒಂದು ಸಂಜೆ ಮಳೆಯಲ್ಲಿ ಅದನ್ನು ಅಡ್ಡಾಡಿಸುವಾಗ, ಈ ಹಗ್ಗ ಬಿಟ್ಟುಬಿಟ್ಟರೆ ಏನಾಗುತ್ತದೆ ಎಂದು ಯೋಚನೆ ಬಂತು. ನಾಯಿ ಅಲ್ಲಿಯೇ ಕಾಲುದಾರಿಯ ಮೇಲೆ ಕೂತಿತು. ನಾನೂ ಕೂತೆ. ಚಾಳಿನ ಮುದುಕಿಯೊಬ್ಬಳು ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ ಜೇಬಿನಲ್ಲಿತ್ತು. ಹಸಿವೆಯಾಗಿ ಮುರಿದು ತಿನ್ನತೊಡಗಿದೆ. ಅದು ನನ್ನ ಕೈಯನ್ನೇ ನೋಡಿತು. ಒಂದು ತುಂಡು ಹಿಡಿದೆ, ತಿಂದಿತು. ಇನ್ನೊಂದು ಹಿಡಿದೆ, ಅದನ್ನೂ ತಿಂದಿತು. ಒದ್ದೆಯಾದ ರೊಟ್ಟಿಯನ್ನು ಇಬ್ಬರೂ ಮುಗಿಸಿ ಎದ್ದೆವು.

ಕೊನೆಗೆ ಬಂದರಿನ ಡಾಕ್ಟರು ಮುದ್ರೆ ಒತ್ತಿದರು. ಹಡಗಿನಲ್ಲಿ ರತ್ನಾಗಿರಿ ಕಡೆಯ ಖಲಾಸಿಯೊಬ್ಬ ದಾರಿಯಲ್ಲಿ ನೀರು, ಕೂಳು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡ. ರೊಟ್ಟಿಯನ್ನು ಕೈಯಿಂದ ಕೊಟ್ಟರೆ ಮಾತ್ರ ತಿನ್ನುತ್ತದೆ ಎಂದು ನಾನು ಅವನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಅವನು ನಕ್ಕ. ಕ್ರೇನಿನ ಕೊಕ್ಕೆಗೆ ಹಗ್ಗ ಬಿಗಿದು ಪೆಟ್ಟಿಗೆಯನ್ನು ಮೇಲೆತ್ತಿದರು. ಅದು ಮಳೆಯಲ್ಲಿ ನಿಧಾನ ತಿರುಗುತ್ತ ಹೋಯಿತು. ಒಳಗಿನಿಂದ ಸದ್ದೇ ಇಲ್ಲ. ನನಗೆ ದುಃಖವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಎಲ್ಲಾದರೂ ಕಾಲು ಚಾಚಿ ಮಲಗಬೇಕು ಎಂಬುದೊಂದೇ ಇತ್ತು. ಊರಿಗೆ ಬರುವ ರೈಲಿನಲ್ಲಿ ಹಾಗೇ ಮಲಗಿಬಿಟ್ಟೆ. ಭಾಲ್ಕಿಯಲ್ಲಿ ಇಳಿದು ಅಕ್ಕನನ್ನು ಕಾಣಬೇಕೆಂದಿದ್ದವನಿಗೆ ಎಚ್ಚರವಾದದ್ದು ಬೀದರದಲ್ಲಿ.

ತಡವಾಗಿ ಬಂದದ್ದಕ್ಕೆ ನನ್ನನ್ನು ಮನ್ನಳ್ಳಿಯ ಶಾಲೆಗೆ ವರ್ಗ ಮಾಡಿದರು. ಅಲ್ಲಿ ಖೋಲಿ ಮಾಡಿಕೊಂಡು ಇದ್ದೆ. ವರ್ಷ ಕಳೆದ ಮೇಲೆ ಒಂದು ದಿನ ಬೀದರದ ಚೌಬಾರಾದಲ್ಲಿ ಹೋಗುತ್ತಿದ್ದಾಗ, ಚಹಾದ ಹೋಟೆಲಿನ ಆ ತಮ್ಮ ನನ್ನನ್ನು ಕರೆದು ಒಳಗೆ ಕೂಡಿಸಿದ. ತನ್ನ ಮಗಳನ್ನು ನೋಡಲು ಕರಾಚಿಗೆ ಹೋಗಿ, ಅಲ್ಲಿ ತನ್ನ ಆಪಾ, ಎಂದರೆ ಅಕ್ಕ, ಖಾಲಾರನ್ನೂ ಕಂಡು ಬಂದಿದ್ದ.

"ಮಾಸ್ತರ್ರ, ನಾಯಿ ಕರಾಚಿ ಮುಟ್ಯಾದರಿ. ಹಡಗ ಬಂದಾಗೆಲ್ಲ ಆಪಾ ಬಂದರಿಗಿ ಹೋಗಿ ನಿಂದರ್ತಿದ್ಳಂತ. ಪೆಟ್ಟಿಗಿ ತಗದ್ರ ಅದು ಹೊರಗೇ ಬರ್ಲಿಲ್ಲಂತ. ಮಗ ಕರದ, ಬರ್ಲಿಲ್ಲ. ಆಪಾ ಹತ್ರ ಹೋಗಿ ಕನ್ನಡದಾಗ, ಬಾರೋ, ಮನಿಗಿ ಹೋಗಮು ಬಾ, ಅಂದ್ಳಂತ ನೋಡ್ರಿ. ಆಗ ಬಂತಂತ."

"ಆರಾಮ ಅದಾರೇನ್ರಿ ಖಾಲಾ?"

ಅವನು ಚಹಾದ ಕಪ್ಪು ಒರೆಸುತ್ತ ಹೇಳಿದ. "ಮಗ ಛೊಲೋ ನೋಡ್ಕೋತಾನ. ಸೊಸಿ ಉತ್ತರದ ಕಡಿಯಾಕಿ, ನಮ್ಮ ದಖನಿ ಉರ್ದು ಕೇಳಿದ್ರ ನಗ್ತಾಳ. ನಾಯಿಗ ಮನ್ಯಾಗ ಬಿಡೂದಿಲ್ಲ, ಮಾಳಗಿ ಮ್ಯಾಲ ಇಟ್ಟಾರ. ಆಪಾ ಸಂಜಿ ಆಯ್ತಂದ್ರ ಮ್ಯಾಲ ಹೋಗಿ ಅದರ ಸಂಗಾಟ ಕೂತುಬಿಡ್ತಾಳ. ಔರಾದಿನ ಮಾತೇ ಮಾತು. ಬಾವಿ, ನಿಮ್ಮ ಓಣಿ, ಯಾರ ಮನ್ಯಾಗ ಏನು ನಡೀತಿತ್ತು, ಎಲ್ಲಾ ಅದಕ್ಕ ಹೇಳ್ತಿರ್ತಾಳ. ಆರಾಮ ಅಂದ್ರ ಏನ್ ಹೇಳಲಿ ಮಾಸ್ತರ್ರ. ಭಾಳ ದಣದಾಳ."

ಆ ವಾರ ಔರಾದಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ನಿಲ್ಲಿಸಿ ಪೂರ್ತಿ ಕೇಳಿದಳು.

"ನನ್ನ ಸುದ್ದಿ ಏನರ ಕೇಳಿದ್ಳಂತೇನು?" ಎಂದಳು.

ಅದನ್ನು ವಿಚಾರಿಸಲು ನನಗೆ ಹೊಳೆದೇ ಇರಲಿಲ್ಲ.

"ಕೇಳಿದ್ರಂತ ಅವ್ವ" ಎಂದೆ.

ಅವ್ವ ತಲೆದೂಗಿ, ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.