ಭಟ್ಟಿಯ ಬಾಗಿಲು ಒಡೆಸಿದ್ದು

ಬಿ.ಎ. ಪಾಸಾದ ದಿನ ಸೋದರಮಾವ ನನ್ನ ಬೆನ್ನು ತಟ್ಟಿದರು. ಅದಾಗಿ ಏಳು ತಿಂಗಳಿಗೆ ಅದೇ ಬೆನ್ನಿಗೆ ಎತ್ತಿನ ಬಾರುಕೋಲಿನಿಂದ ಬಾರಿಸಿದರು. ಆ ಏಳು ತಿಂಗಳು ನಾನು ಮಾಡಿದ್ದಾದರೂ ಏನು? ಬೆಳಿಗ್ಗೆ ಕೋಟು ತೊಟ್ಟು ಬಲ್ಮಠದ ಗುಡ್ಡ ಹತ್ತುವುದು, ಯಾವುದಾದರೊಂದು ಆಫೀಸಿನ ಜಗಲಿಯಲ್ಲಿ ನಿಲ್ಲುವುದು, ಜಾಗ ಇಲ್ಲ ಎಂದು ಹೇಳಿಸಿಕೊಂಡು ಇಳಿಯುವುದು. ಕೋಟಿನ ಮೊಣಕೈ ಸವೆಯಿತು. ಮಾವನ ತಾಳ್ಮೆ ಅದಕ್ಕೂ ಮೊದಲೇ ಸವೆದಿತ್ತು.

ನಮ್ಮದು ಅಳಿಯಕಟ್ಟಿನ ಮನೆ, ವಂಶ ತಾಯಿಯ ಕಡೆಯಿಂದ ನಡೆಯುವುದು. ಮಾವನೇ ಯಜಮಾನ. ಅಪ್ಪ ತನ್ನ ತಾಯಿಯ ಮನೆಯಲ್ಲಿದ್ದುಕೊಂಡು ತಿಂಗಳಿಗೊಮ್ಮೆ ನೆಂಟರ ಹಾಗೆ ಬಂದು ಹೋಗುವವರು. ಮಾವ ಅಳಿಯನಿಗೆ ಹೊಡೆದರೆ ತಡೆಯುವ ಹಕ್ಕು ಅಪ್ಪನಿಗಿಲ್ಲ. ನನಗೆ ಬಾರುಕೋಲಿನ ಪೆಟ್ಟು ಬಿದ್ದದ್ದು ಅಪ್ಪ ಬಂದಿದ್ದ ದಿನವೇ, ಮಣ್ಣಗುಡ್ಡದ ಮನೆಯ ಚಾವಡಿಯಲ್ಲಿ, ಅವರ ಕಣ್ಣೆದುರಿಗೇ. ಅಪ್ಪ ಅಡಿಕೆ ಹೋಳು ಆರಿಸುತ್ತ ಕುಳಿತಿದ್ದರು. ಮಾವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಅಡಿಕೆ ಹೋಳುಗಳ ಮೇಲೆ ಬಂತು.

"ಎಂತ ಮಾರಾಯ, ಸರಕಾರಿ ಕುರ್ಚಿಯೇ ಆಗಬೇಕಾ ನಿನಗೆ?" ಎಂದರು ಮಾವ, ಕೋಲನ್ನು ಮೂಲೆಗೆ ಎಸೆದು. "ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ರೈಟರ್ ಕೆಲಸ ಉಂಟು. ನಾನು ಮಾತಾಡಿ ಆಗಿದೆ. ಮೂರು ತಿಂಗಳು ನೋಡ್ತಾರೆ. ಖಾಯಂ ಆಗದಿದ್ದರೆ ಈ ಮೆಟ್ಟಿಲು ಹತ್ತಬೇಡ."

ಅಮ್ಮ ಹಿಂದಿನ ಕೋಣೆಯಲ್ಲಿ ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿದಳು. "ಹೇಗಾದರೂ ಮಾಡಿ ಅಲ್ಲಿ ನಿಲ್ಲು ಮಗಾ," ಎಂದಳು. "ನೀನು ಹೊರಗೆ ಹೋದರೆ ಈ ಕೋಲು ನನ್ನ ಮೇಲೆ ಬೀಳ್ತದೆ." ಅದು ಹೆದರಿಸುವ ಮಾತಲ್ಲ. ಅವಳ ಎಡಗಿವಿ ಸರಿಯಾಗಿ ಕೇಳಿಸದಿರಲು ಕಾರಣ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಾರ್ಖಾನೆಯ ಮೇನೇಜರ್ ಕೈಯಲ್ಲಿ ಯಾವಾಗಲೂ ಒಂದು ಬೆತ್ತ. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇಂಗ್ಲಿಷು ಗೊತ್ತುಂಟು, ಸರಿ. ಕೈ ಮಾಡ್ಲಿಕ್ಕೆ ಗೊತ್ತುಂಟಾ?" ಎಂದು ಕೇಳಿದ. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಹಸಿ ಹೆಂಚು ಹೊತ್ತ ಹೆಂಗಸೊಬ್ಬಳು ಎಡವಿ ಎರಡು ಹೆಂಚು ಬೀಳಿಸಿದಳು. ಮೇನೇಜರ್ ಮಾತು ನಿಲ್ಲಿಸದೆಯೇ ಅವಳ ಮೀನಖಂಡಕ್ಕೆ ಬೆತ್ತ ಬೀಸಿದ. ಅವಳು ಉಳಿದ ಹೆಂಚು ಬೀಳದಂತೆ ಕತ್ತು ನೆಟ್ಟಗಿಟ್ಟುಕೊಂಡು ನಡೆದಳು. "ಹೀಗೆ," ಎಂದ ಅವನು. "ನೀನು ಬರೀ ಬರೆದುಕೊಂಡು ಕೂತರೆ ಇವರು ನಿನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ."

ಎರಡು ತಿಂಗಳು ಕಳೆದರೂ ನನ್ನ ಕೈ ಏಳಲಿಲ್ಲ. ಆಳುಗಳು ನನ್ನ ಹಿಂದಿನಿಂದ ನಗುತ್ತಿದ್ದರು. ಮಣ್ಣು ತುಳಿಯುವವನೊಬ್ಬ, "ಬಿ.ಎ. ಧನಿ ಬಂದರು, ದಾರಿ ಬಿಡಿ, ಕೋಟಿಗೆ ಕೆಸರಾದೀತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇನೇಜರ್ ದೂರದಿಂದ ನೋಡಿ ತಲೆಯಾಡಿಸುತ್ತಿದ್ದ.

ಹೆಂಚು ಬೇಯಿಸುವ ಭಟ್ಟಿಯ ಬಾಗಿಲು ಮರದ್ದಲ್ಲ. ಒಳಗೆ ಹಸಿ ಹೆಂಚು ಪೇರಿಸಿದ ಮೇಲೆ ಬಾಯಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತುತ್ತಾರೆ. ಬೆಂಕಿ ಆರಿಸಿದ ನಂತರ ಆ ಇಟ್ಟಿಗೆಯನ್ನು ಮೇಲಿನಿಂದ ಒಂದೊಂದೇ ಸಾಲಾಗಿ, ದಿನಗಟ್ಟಲೆ ತೆಗೆಯಬೇಕು. ಯಾವಾಗ ತೆಗೆಯಬೇಕೆಂದು ಹೇಳುವವನು ಒಬ್ಬನೇ. ಐವತ್ತರ ಹತ್ತಿರದ ಆಳು, ಮಾತು ಕಡಿಮೆ. ಅವನು ಬಾಯಿಗೆ ಎಲೆಯಡಿಕೆ ಹಾಕಿ, ಬಲಗೈಯ ಅಂಗೈಯನ್ನು ಇಟ್ಟಿಗೆಗೆ ಒತ್ತಿ ನಿಲ್ಲುತ್ತಿದ್ದ. ಎಲೆ ಜಗಿದು ಮುಗಿಯುವವರೆಗೆ ಕೈ ತಾಳಿದರೆ ಒಂದು ಸಾಲು ತೆಗೆಯಬಹುದು. ತಾಳದಿದ್ದರೆ ಉಗಿದು ಹೋಗಿಬಿಡುತ್ತಿದ್ದ. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಬಂದ ನನಗೆ ಅದನ್ನು ನೋಡಿದರೆ ನಗು ಬರುತ್ತಿತ್ತು.

ನನ್ನ ಮೂರು ತಿಂಗಳು ಮುಗಿಯುವ ವಾರ ಬಂತು. ಬಂದರಿನಲ್ಲಿ ಹೆಂಚು ಒಯ್ಯುವ ಮಂಜಿ ನಿಂತಿತ್ತು. ಮಳೆಗಾಲ ಹತ್ತಿರವಾಗಿತ್ತು. ಇನ್ನೆರಡು ದಿನ ಕಳೆದರೆ ಸಮುದ್ರ ಕೆಡುತ್ತದೆ, ಹಾಯಿಹಡಗು ಹೊರಡುವುದಿಲ್ಲ ಎಂದು ಮಂಜಿಯವರು ಹಟ ಹಿಡಿದಿದ್ದರು. ಮೇನೇಜರ್ ನನ್ನನ್ನು ಕರೆದ. "ಇವತ್ತು ಸಂಜೆಯೊಳಗೆ ಭಟ್ಟಿ ಖಾಲಿ ಆಗಬೇಕು. ಮಾಡಿಸಿದರೆ ನೀನು ಖಾಯಂ. ಇಲ್ಲದಿದ್ದರೆ ನಾಳೆಯಿಂದ ಬರಬೇಡ."

ನಾನು ಭಟ್ಟಿಯ ಹತ್ತಿರ ಓಡಿದೆ. ಬಾಯಿಯಲ್ಲಿ ಇನ್ನೂ ಮುಕ್ಕಾಲು ಪಾಲು ಇಟ್ಟಿಗೆ ಹಾಗೆಯೇ ಇತ್ತು. ಆ ಆಳು ಅಂಗೈ ಇಟ್ಟು ನಿಂತಿದ್ದ. ಎರಡು ಸಲ ಜಗಿದವನೇ ಕೈ ಹಿಂದೆ ತೆಗೆದು ಉಗಿದ.

"ಆಗುವುದಿಲ್ಲ ಧನಿ. ಇನ್ನು ಎರಡು ದಿನ ಬೇಕು. ಒಳಗೆ ಉಸಿರು ಉಂಟು ಅದಕ್ಕೆ."

"ಪೂರಾ ಒಡೆ," ಎಂದೆ. "ಗಾಳಿ ಹೋದರೆ ತಾನೇ ತಣಿಯುತ್ತದೆ."

"ಹೊಳೆಗಾಳಿ ಒಮ್ಮೆಲೇ ಒಳಗೆ ಹೋದರೆ ಹೆಂಚು ಸಿಡೀತದೆ. ಪೇರಿಸಿದ ಅಟ್ಟಿ ನಿಲ್ಲುವುದಿಲ್ಲ."

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಮಣ್ಣು ತುಳಿಯುವವನೂ ಇದ್ದ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ನನ್ನ ಸಿಟ್ಟು ನೆತ್ತಿಗೇರಿತು. ನಕ್ಕವನನ್ನು ಬಿಟ್ಟು, ನಗದೆ ನಿಂತಿದ್ದ ಆ ಹಿರಿಯನ ಕಪಾಳಕ್ಕೆ ಬಾರಿಸಿದೆ. ಬಾಯಲ್ಲಿ ಉಳಿದಿದ್ದ ಎಲೆಯ ರಸ ಅವನ ಗಲ್ಲದ ಮೇಲೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಮತ್ತೊಂದು ಹೊಡೆದೆ. ನಿಜ ಹೇಳುತ್ತೇನೆ, ಎರಡನೆಯದನ್ನು ಹೊಡೆಯುವಾಗ ನನಗೆ ಸುಖವಾಯಿತು. ಏಳು ತಿಂಗಳ ಜಗಲಿ, ಮಾವನ ಬಾರುಕೋಲು, ಅಪ್ಪನ ಅಡಿಕೆ ಹೋಳು, ಎಲ್ಲವೂ ಆ ಒಂದು ಕೈಯಲ್ಲಿ ಇಳಿದು ಹೋದ ಹಾಗಾಯಿತು.

"ನೀವು ಹೇಳಿದ್ದೀರಿ, ಒಡೆಯುತ್ತೇನೆ," ಎಂದ ಅವನು. ಪಿಕಾಸು ಎತ್ತಿದ.

ಇಟ್ಟಿಗೆ ದಡದಡನೆ ಬಿತ್ತು. ಒಳಗಿನ ಬಿಸಿ ಮುಖಕ್ಕೆ ಹೊಡೆದು ನಾವೆಲ್ಲ ಹಿಂದೆ ಸರಿದೆವು. ಹೊಳೆಯ ಕಡೆಯಿಂದ ಗಾಳಿ ಒಳಗೆ ನುಗ್ಗಿತು. ಮೊದಲು ಎಲ್ಲೋ ಆಳದಲ್ಲಿ ಟಣ್ ಎಂದಿತು. ಆಮೇಲೆ ಸಾಲುಸಾಲಾಗಿ ಟಣ್ ಟಣ್ ಎಂದು ಹೆಂಚು ಬಿರಿಯತೊಡಗಿತು. ಅವನು ತಿರುಗಿ ನನ್ನನ್ನು ನೋಡಿದ. ನಾನು ಒದ್ದೆ ಗೋಣಿಯೊಂದನ್ನು ಅವನತ್ತ ಎಸೆದು, "ಎಂತ ನೋಡ್ತಿ? ಹೊದ್ದುಕೊಂಡು ಹೋಗು, ಉಳಿದದ್ದನ್ನಾದರೂ ತೆಗೆ," ಎಂದು ಕಿರುಚಿದೆ. ಅವನು ಎರಡು ಹೆಜ್ಜೆ ಒಳಗಿಟ್ಟಿದ್ದನಷ್ಟೆ. ಮುಂದಿನ ಅಟ್ಟಿ ಪೂರಾ ಅವನ ಮೇಲೆ ಕುಸಿಯಿತು.

ಅವನ ಕೂಗು ನನಗೆ ನೆನಪಿಲ್ಲ. ವಾಸನೆ ನೆನಪಿದೆ. ಮೂವರು ಕಾಲು ಹಿಡಿದು ಎಳೆದರು. ತಲೆ, ಮೈ ಗೋಣಿಯಿಂದಾಗಿ ಉಳಿದಿತ್ತು. ಬಲಗೈ ಮೊಣಕೈಯಿಂದ ಕೆಳಗೆ ಕೈಯಾಗಿ ಇರಲಿಲ್ಲ. ಜಟಕಾದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ನಾನು ಮಣ್ಣಿನ ಗುಂಡಿಯ ಹಿಂದೆ ಹೋಗಿ ವಾಂತಿ ಮಾಡಿದೆ. ಅಲ್ಲಿಗೇ ಬಂದ ಮಣ್ಣು ತುಳಿಯುವವ ಒಡೆದ ಹೆಂಚಿನಿಂದ ನನ್ನ ಭುಜಕ್ಕೆ ಹೊಡೆದ. ಇನ್ನೊಂದು ಎತ್ತುವಷ್ಟರಲ್ಲಿ ಕಾವಲಿನವರು ಅವನನ್ನು ಕೆಡವಿ ತುಳಿದು ಹೊರಗೆ ಹಾಕಿದರು. ಅವನು ಮತ್ತೆ ಕಾರ್ಖಾನೆಗೆ ಬರಲಿಲ್ಲ.

ಮಧ್ಯಾಹ್ನ ಮೇನೇಜರ್ ಕಾಗದ ಮುಂದಿಟ್ಟ. ನಡೆದದ್ದರ ಬಗ್ಗೆ ಮೇಲಿನವರಿಗೆ ಇಂಗ್ಲಿಷಿನಲ್ಲಿ ರಿಪೋರ್ಟು ಹೋಗಬೇಕಿತ್ತು.

"ಎಂತ ಬರೀತಿ?"

"ನಾನು ಹೊಡೆದು ಒಡೆಸಿದೆ ಅಂತ."

"ಬರಿ. ಬರೆದು ಸೀದಾ ನಿನ್ನ ಮಾವನ ಹತ್ತಿರ ಹೋಗು." ಅವನು ಬೆತ್ತವನ್ನು ಮೇಜಿನ ಮೇಲೆ ಇಟ್ಟ. "ಇಲ್ಲದಿದ್ದರೆ ಅವನು ಹೇಳದೆ ಕೇಳದೆ ಒಡೆದ ಅಂತ ಬರಿ. ಖಾಯಂ ಕಾಗದಕ್ಕೆ ನಾನು ಇವತ್ತೇ ಸೈನು ಹಾಕ್ತೇನೆ."

ಅಮ್ಮನ ಎಡಗಿವಿ ನೆನಪಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನೆನಪಾದದ್ದು ನನ್ನ ಬೆನ್ನು. ಒಂದು ಪುಟ ಬರೆದೆ, ಒಂದು ಪದವನ್ನೂ ಹೊಡೆದು ತಿದ್ದಲಿಲ್ಲ. 'ಇನ್ ಸ್ಪೈಟ್ ಆಫ್ ರಿಪೀಟೆಡ್ ವಾರ್ನಿಂಗ್ಸ್' ಎಂದು ಬರೆದೆ. ಪದೇ ಪದೇ ಎಚ್ಚರಿಸಿದವನು ಅವನು. ನನ್ನ ಕಾಗದದಲ್ಲಿ ಎಚ್ಚರಿಸಿದವನು ನಾನಾದೆ. ಮೇನೇಜರ್ ಎರಡು ಸಲ ಓದಿ, "ನಿನ್ನ ಬಿ.ಎ. ಸಾರ್ಥಕ ಆಯಿತು ಮಾರಾಯ," ಎಂದ.

ಮಾವ ಊಟಕ್ಕೆ ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅಮ್ಮ ಮೀನಿನ ದೊಡ್ಡ ತುಂಡನ್ನು ನನಗೇ ಬಡಿಸಿದಳು. ನಾನು ತಿಂದೆ. ಆ ಮನೆಯಲ್ಲಿ ನನ್ನ ಮೇಲೆ ಮತ್ತೆ ಯಾರೂ ಕೈ ಎತ್ತಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವನು ಬಂದ. ಬಲಗೈ ಮೊಣಕೈಯಲ್ಲೇ ಮುಗಿದಿತ್ತು. ಆಫೀಸಿನ ಹೊರಗೆ ಕಾದು, ನಾನೊಬ್ಬನೇ ಇದ್ದಾಗ ಬಾಗಿಲಿಗೆ ಬಂದು ನಿಂತ. ಹೊಡೆಯಲು ಬಂದನೆಂದುಕೊಂಡು ನಾನು ಕುರ್ಚಿಯಿಂದ ಎದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಒಂದು ಅರ್ಜಿ ಬರೆದು ಕೊಡಬೇಕು ಧನಿ. ಗೇಟಿನ ಕೆಲಸ ಖಾಲಿ ಉಂಟಂತೆ. ನನ್ನದೇ ತಪ್ಪಿನಿಂದ ಹೀಗಾಯಿತು, ದಯೆ ತೋರಿಸಿ ಅಂತ ಬರೆಯಿರಿ."

ನನಗೆ ತಡೆಯಲಾಗಲಿಲ್ಲ. "ನಿನಗೆ ಹೊಡೆದದ್ದು ನಾನು. ಸುಳ್ಳು ಬರೆದದ್ದೂ ನಾನು. ಗೊತ್ತಿಲ್ಲವಾ ನಿನಗೆ?"

"ಗೊತ್ತುಂಟು. ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಮೊದಲಿನ ಕಾಗದಕ್ಕೆ ಇದು ಸರಿ ಕೂಡಬೇಕಲ್ಲ. ಬೇರೆಯವರು ಬರೆದರೆ ಹೆಚ್ಚುಕಡಿಮೆ ಆದೀತು."

ಬರೆದೆ. ಮೊದಲಿನದಕ್ಕಿಂತ ಚೆನ್ನಾಗಿ ಬರೆದೆ. ಕೆಲಸ ಸಿಕ್ಕಿತು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವನು ಗೇಟು ತೆರೆದು ಎಡಗೈ ಎತ್ತಿ ಸಲಾಮು ಹಾಕಿದ. "ಎಡಗೈ, ಬೇಸರ ಮಾಡಬಾರದು ಧನಿ," ಎಂದ. ಆ ಗೇಟಿನ ಒಳಗೆ ನಾನು ಹದಿನೇಳು ವರ್ಷ ಕೆಲಸ ಮಾಡಿದೆ. ಒಂದು ದಿನವೂ ಅವನು ಸಲಾಮು ತಪ್ಪಿಸಲಿಲ್ಲ.