ದೊಡ್ಡಮ್ಮನ ಮನೆಯಲ್ಲಿ ಡ್ರಮ್ ಅಂಡ್ ಬೇಸ್

ಹೋದ ವರ್ಷ ಸಿರಾದಲ್ಲಿ ನಮಗೆ, ಅಂದರೆ ಗಣಿತದ ಶಿಕ್ಷಕರಿಗೆ, ಎರಡು ದಿನದ ತರಬೇತಿ ಇತ್ತು. ಕೊನೆಯ ದಿನ ಬೇಗ ಬಿಟ್ಟರು. ಮಧುಗಿರಿ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಒಂದು ಗುಜರಿ ಅಂಗಡಿಯ ಮುಂದೆ ಹಳೆಯ ಪುಸ್ತಕಗಳ ರಾಶಿ ಕೆದಕುತ್ತ ನಿಂತೆ. ಅದರ ನಡುವೆ ಚಚ್ಚೌಕದ ದೊಡ್ಡ ರಟ್ಟಿನ ಹೊದಿಕೆಯೊಂದು ಸಿಕ್ಕಿತು. ಒಳಗೆ ಎರಡು ಕಪ್ಪು ಗ್ರಾಮಫೋನ್ ಪ್ಲೇಟು. ಮೇಲೆ ಇಂಗ್ಲಿಷಿನಲ್ಲಿ ‘ಡ್ರಮ್ ಅಂಡ್ ಬೇಸ್’ ಎಂದಿತ್ತು. ಹಿಂಬದಿಯಲ್ಲಿ ಲಂಡನ್ನಿನ ವಿಳಾಸ, ಬೇರೆ ಬೇರೆಯವರ ಹಾಡುಗಳ ಪಟ್ಟಿ.

ಅಂಗಡಿಯ ಸಾಹೇಬರು ಕನ್ನಡಕ ಮೇಲೆತ್ತಿ ನೋಡಿದರು. “ಬೆಂಗ್ಳೂರಾಗೆ ಯಾರೋ ಮನೆ ಖಾಲಿ ಮಾಡುದ್ರಮ್ಮ, ಪುಸ್ತಕದ ಜೊತೆ ಬಂತು. ಅಂದರ್ ಕ್ಯಾ ಹೈ ಮಾಲೂಮ್ ನೈ. ಢೋಲಕ್ ಇರ್ಬೇಕು, ತಗೊಂಡೋಗಿ.”

ಡ್ರಮ್ ಎಂದ ಕೂಡಲೇ ನನಗೆ ಕೊರಟಗೆರೆಯ ದೊಡ್ಡಮ್ಮನ ನೆನಪಾಯಿತು. ನನ್ನ ಅಮ್ಮನ ಅಕ್ಕ. ಅವಳೂ ದೊಡ್ಡಪ್ಪನೂ ಸುತ್ತಲ ಊರುಗಳ ಮದುವೆಗೆ ಮೈಕ್‌ಸೆಟ್ ಕಟ್ಟುತ್ತಿದ್ದವರು. ದೊಡ್ಡಪ್ಪ ಹುಣಸೆಮರ ಹತ್ತಿ ಹಾರ್ನ್ ಕಟ್ಟಿದರೆ ದೊಡ್ಡಮ್ಮ ಕೆಳಗೆ ಚಾಪೆಯ ಮೇಲೆ ಕೂತು ಪ್ಲೇಟು ಹಾಕುತ್ತಿದ್ದಳು. ಡಿಜೆಗಳು ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು, ದೊಡ್ಡಪ್ಪನೂ ಹೋದರು. ಮಗ ಸೊಸೆಯ ಜೊತೆಗಿರುವ ದೊಡ್ಡಮ್ಮ ಆ ಪ್ಲೇಯರನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಮುಂದಿನ ಭಾನುವಾರ ಪ್ಲೇಟು ಕೊಟ್ಟಾಗ ಅವಳು ಮೊದಲು ಒಂದನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಿದಳು. ಆಮೇಲೆ ಸೆರಗಿನಿಂದ ಒರೆಸಿ ಯಂತ್ರದ ಮೇಲಿಟ್ಟು ಹೇಳಿದಳು: “ದೊಡ್ಡ ಪ್ಲೇಟ್ಗೆ ಮೂವತ್ಮೂರು, ಸಣ್ಣ ಪ್ಲೇಟ್ಗೆ ನಲವತ್ತೈದು. ಇದು ದೊಡ್ಡದು.” ಪ್ಲೇಟು ನಿಮಿಷಕ್ಕೆ ಎಷ್ಟು ಸುತ್ತಬೇಕೆಂದು ಹೇಳುವ ಯಂತ್ರದ ಕಡ್ಡಿಯನ್ನು ಮೂವತ್ಮೂರಕ್ಕೆ ತಿರುಗಿಸಿದಳು. ಮುಳ್ಳು ಇಳಿಯಿತು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಮೈಕ್‌ಸೆಟ್ಟಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಕೆಳಗೆ, ನೆಲದಿಂದ ಒಂದು ಸದ್ದು ಎದ್ದಿತು. ಕಿವಿಗಿಂತ ಮೊದಲು ಅದು ಅಂಗಾಲಿಗೆ ತಗುಲಿತು. ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಸೊಸೆ ಓಡಿಬಂದು ಎರಡೂ ಕೈಯಿಂದ ಗೂಡನ್ನು ತಬ್ಬಿಕೊಂಡಳು. ಆ ಗುಡುಗಿನ ನಡುವೆ ಯಾರೋ ಗಂಡಸು, ನೆಗಡಿಯಾದ ಕೋಣನ ಹಾಗೆ, ಎಳೆದೆಳೆದು ಹಾಡುತ್ತಿದ್ದ.

ಐದು ನಿಮಿಷದಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. “ಬೋರ್‌ವೆಲ್ ಕೊರೆಸ್ತಾ ಇದೀರಾ? ಹೇಳ್ಲೇ ಇಲ್ವಲ್ಲ ಕಣಮ್ಮ. ಎಷ್ಟಡಿ ಆಯ್ತು?”

“ಇನ್ನೂ ಬಂಡೇನೇ ಸಿಕ್ತೈತೆ,” ಎಂದಳು ದೊಡ್ಡಮ್ಮ, ಮುಖ ಒಂದಿಷ್ಟೂ ಅಲ್ಲಾಡಿಸದೆ. ಆಕೆ ಪಾಪ ಹಿತ್ತಿಲವರೆಗೂ ಹೋಗಿ, ಕೊರೆಯುವ ಲಾರಿ ಹುಡುಕಿ ಬಂದಳು.

ವಿಚಿತ್ರವೆಂದರೆ ದೊಡ್ಡಮ್ಮನಿಗೆ ಅದು ಹಿಡಿಸಿಬಿಟ್ಟಿತು. ದಿನಾ ಸಂಜೆ ಅವರೆಕಾಯಿ ಸುಲಿಯುತ್ತ ಕೋಣನ ಹಾಡು ಕೇಳುತ್ತಿದ್ದಳಂತೆ. ನಾನು ಫೋನ್ ಮಾಡಿದರೆ, “ಪಾಪ, ಅವ್ನಿಗೆ ಏನು ಕಷ್ಟವೋ ಏನೋ,” ಎನ್ನುತ್ತಿದ್ದಳು.

ಹೀಗೆ ಒಂದು ತಿಂಗಳು ಕಳೆದಿರಬೇಕು. ನಾನು ಅಲ್ಲಿಗೆ ಹೋಗಿದ್ದ ದಿನವೇ ಪಾವಗಡ ಕಡೆಯ ತಮಟೆಯಣ್ಣ ಮಗಳ ಮದುವೆಗೆ ಕರೆಯಲು ಬಂದ. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡುವ ಆತ ತಮಟೆ ಹಿಡಿದರೆ ನಿಂತವರ ಕಾಲು ನಿಲ್ಲುತ್ತಿರಲಿಲ್ಲ. ದೊಡ್ಡಮ್ಮನ ಮೈಕ್‌ಸೆಟ್ಟು, ಅವನ ತಮಟೆ ಎಷ್ಟೋ ಮದುವೆಗಳಲ್ಲಿ ಎದುರುಬದುರು ಪೈಪೋಟಿ ಮಾಡಿದ್ದವು. ಒಳಗೆ ಕೋಣನ ಹಾಡು ಕೇಳಿ ಬಾಗಿಲಲ್ಲೇ ತಲೆ ಓರೆ ಮಾಡಿ ನಿಂತ.

“ಏಂದಕ್ಕಾ ಇದಿ?”

“ಲಂಡನ್ ತಮಟೆ ಕಣಣ್ಣ, ಕುಂತ್ಕೋ.”

ಅವನು ಕೂರಲಿಲ್ಲ. ಕಣ್ಣು ಮುಚ್ಚಿ ಬೆರಳಿನಿಂದ ತೊಡೆಯ ಮೇಲೆ ಬಡಿದು ನೋಡಿದ, ನಿಲ್ಲಿಸಿದ, ಮತ್ತೆ ಬಡಿದ. “ಅಕ್ಕಾ, ಎಲ್ಲೋ ತಪ್ಪೈತೆ. ಬಡಿಯೋನ ಕೈ ಬಲೇ ಜೋರು. ಯಾರೋ ರಟ್ಟೆ ಹಿಡ್ಕೊಂಡವ್ರೆ. ಇದು ಇಂಗೆ ಬಡ್ದಿದ್ದಲ್ಲ.”

ದೊಡ್ಡಮ್ಮನಿಗೆ ಸಿಟ್ಟು ಬಂತು. ಅವಳ ಕಸುಬಿನ ಮಾತಲ್ಲವೇ? ಪ್ಲೇಟು ತೆಗೆದು ನನ್ನ ಮುಂದೆ ಹಿಡಿದಳು. “ಇಂಗ್ಲಿಷಲ್ಲಿ ಏನ್ ಬರ್ದವ್ನೆ, ಓದು.” ನಡುವಿನ ಕಾಗದದ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ಅದರ ಪಕ್ಕದಲ್ಲಿ ನಲವತ್ತೈದು ಎಂಬ ಅಂಕಿ. ಅದನ್ನು ನಾನು ಮೊದಲೇ ನೋಡಿದ್ದೆ, ಪ್ಲೇಟಿನ ನಂಬರ್ ಇರಬೇಕೆಂದು ಸುಮ್ಮನಾಗಿದ್ದೆ.

“ಥೂ ನಿನ್ನ! ಲೆಕ್ಕದ ಮೇಡಮ್ಮು, ನಲವತ್ತೈದು ಕಾಣ್ಲಿಲ್ವೇನೇ?”

ಕಡ್ಡಿ ನಲವತ್ತೈದಕ್ಕೆ ತಿರುಗಿತು. ಮುಳ್ಳು ಇಳಿಯುತ್ತಲೇ ಮೂವರೂ ಬಾಯಿ ಬಿಟ್ಟೆವು. ಒಂದು ತಿಂಗಳು ದೊಡ್ಡಮ್ಮನ ಮನೆಯಲ್ಲಿ ಗೋಳಾಡಿದ್ದ ಆ ಕೋಣ ಒಬ್ಬಳು ಹುಡುಗಿ! ತೆಳು ದನಿ, ಜೇನು ಸುರಿದ ಹಾಗೆ. ಅವಳ ಹಿಂದೆ ಡ್ರಮ್ಮು ಕೊಡದಿಂದ ನೆಲಕ್ಕೆ ಚೆಲ್ಲಿದ ಹುರುಳಿಕಾಳಿನ ಹಾಗೆ ದಿಕ್ಕುದಿಕ್ಕಿಗೆ ಓಡುತ್ತಿತ್ತು.

“ಅದೀ! ಅದೀ ಮಾತು!” ಎಂದು ತಮಟೆಯಣ್ಣ ಚಪ್ಪಾಳೆ ತಟ್ಟಿದ. ಮೊದಲು ಆ ಓಟಕ್ಕೆ ಸರಿಯಾಗಿ ಬಾಗಿಲಿನ ಮೇಲೆ ಬಡಿಯಲು ಹೋಗಿ ಸೋತ. ಆಮೇಲೆ ಕೆಳಗಿನ ಗುಡುಗನ್ನು ಹಿಡಿದ. ಡ್ರಮ್ಮಿನ ಎರಡು ಪೆಟ್ಟಿಗೆ ತನ್ನದು ಒಂದೇ ಪೆಟ್ಟು. ಆಗ ಎಲ್ಲ ಕೂಡಿಕೊಂಡಿತು. ಅವನು ನಿಧಾನವಾಗಿ ನಡೆಯುತ್ತಿದ್ದ ಹಾಗೆ, ಪ್ಲೇಟು ಅವನ ಸುತ್ತ ಕುಣಿಯುತ್ತಿದ್ದ ಹಾಗೆ.

ಕಾಫಿ ಕುಡಿದು ಲಗ್ನಪತ್ರಿಕೆ ಕೊಟ್ಟ ಮೇಲೂ ಅವನು ಏಳಲಿಲ್ಲ. ಮೆಲ್ಲಗೆ ಹೇಳಿದ: “ಅಕ್ಕಾ, ಊರ್ನೋರ ಮದ್ವೇಗೆಲ್ಲ ನಾನೇ ಬಡ್ದೆ. ಒಂದು ಮದ್ವೇನೂ ನೆಟ್ಟಗೆ ನೋಡಿಲ್ಲ. ನಮ್ಮಮ್ಮಾಯಿ ಮದ್ವೇಲಿ ನಾನು ಕುಂತ್ಕೊಂಡು ನೋಡ್ಬೇಕು. ನನ್ ಜೋಡಿ ಬಡಿಯೋರೂ ನೆಂಟ್ರೇ, ಅವ್ರಿಗೂ ಆವತ್ತು ರಜೆ. ನಿನ್ ಸೆಟ್ ತಂದ್ಬುಡು. ಈ ಪ್ಲೇಟು ಮರೀಬೇಡ.”

ದೊಡ್ಡಮ್ಮ ಒಳಗೆ ಹೋಗಿ ವೈರುಗಳ ಗಂಟು ಹೊರತಂದು ನೆಲದ ಮೇಲೆ ಬಿಚ್ಚಲು ಶುರುಮಾಡಿದಳು.

ಮದುವೆಯ ದಿನ ಬಾಡಿಗೆ ವ್ಯಾನಿನಲ್ಲಿ ಹೋದೆವು. ಕೊರಟಗೆರೆಯಿಂದ ಅವನ ಊರಿನವರೆಗೂ ದೊಡ್ಡಮ್ಮ ಪ್ಲೇಯರನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು. ಪ್ರತಿ ರೋಡ್ ಹಂಪಿಗೂ ಡ್ರೈವರನಿಗೆ ಬೈಗುಳ. ಅಲ್ಲಿ ತಮಟೆಯಣ್ಣ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ತಮಟೆ ಮುಟ್ಟಿದರೆ ತಾನು ಮಾತೇ ಬಿಡುವುದಾಗಿ ಹೆಂಡತಿ ಹೆದರಿಸಿದ್ದಳಂತೆ. ಧಾರೆ ಮುಗಿಯುವವರೆಗೂ ಕೈಕಟ್ಟಿಕೊಂಡೇ ಇದ್ದ. ಮಗಳು ತಲೆ ಬಾಗಿಸಿದಾಗ ಶಲ್ಯದಿಂದ ಕಣ್ಣೊರೆಸಿಕೊಂಡ.

ಊಟದ ಎಲೆ ಹಾಕುತ್ತಿದ್ದಾಗ ದೊಡ್ಡಮ್ಮ ಲಂಡನ್ ಪ್ಲೇಟು ಇಟ್ಟಳು. ಶಾಮಿಯಾನದ ಕಂಬಗಳು ನಡುಗಿದವು. ಹುಡುಗರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಕುಣಿದರು. ಎರಡನೇ ಹಾಡಿನ ನಡುವೆ ದೊಡ್ಡಮ್ಮ ನನ್ನ ತೋಳು ಚಿವುಟಿದಳು.

“ಮುಳ್ಳು ಸಿಕ್ಕಾಕ್ಕೊಂಡೈತೆ ಕಣೇ.”

ಕಿವಿಗೊಟ್ಟೆ. ನಿಜ. ಅದೇ ದಡದಡ, ಅದೇ ಟಕ್ಕು, ಮತ್ತೆ ಅದೇ. ಅವಳು ಎತ್ತಲು ಬೆರಳು ಚಾಚಿದಳು. ಅಷ್ಟರಲ್ಲಿ ತಮಟೆಯಣ್ಣ ದೂರದಿಂದಲೇ ಬೇಡ ಬೇಡ ಎಂದು ಕೈಯಾಡಿಸಿದ. ಶಲ್ಯವನ್ನು ಕುರ್ಚಿಗೆ ಎಸೆದು, ಸಾರು ಬಡಿಸುವ ಖಾಲಿ ಬಕೆಟ್ಟೊಂದನ್ನು ಮಗುಚಿ ಕಂಕುಳಿಗೆ ಸಿಕ್ಕಿಸಿಕೊಂಡು ಬಡಿಯತೊಡಗಿದ. ಪ್ಲೇಟು ಇದ್ದಲ್ಲೇ ಸುತ್ತುತ್ತಿತ್ತು, ಅವನ ಪೆಟ್ಟು ಪ್ರತಿ ಸುತ್ತಿಗೂ ಹೊಸದು. ಮುಳ್ಳು ಸಿಕ್ಕಿಕೊಂಡಿದೆ ಎಂದು ಆ ಜಾತ್ರೆಯಂಥ ಗದ್ದಲದಲ್ಲಿ ನಮ್ಮ ಮೂವರಿಗಲ್ಲದೆ ಯಾರಿಗೂ ತಿಳಿಯಲಿಲ್ಲ.

ಅಡುಗೆ ಕಡೆಯಿಂದ ಅವನ ಹೆಂಡತಿ ಸೌಟು ಹಿಡಿದೇ ಬಂದಳು.

“ತಮಟೆ ಮುಟ್ಲಿಲ್ಲ ಕಣೇ! ಇದು ಬಕೆಟ್ಟು!” ಎಂದು ಅವನು ಕೂಗಿದ.

ಅವಳು ಸೊಂಟಕ್ಕೆ ಕೈಯಿಟ್ಟು ಒಂದು ಕ್ಷಣ ನೋಡಿದಳು. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಮದುಮಗಳು ಬಾಸಿಂಗ ಬಿಚ್ಚಿ ಗೆಳತಿಯ ಕೈಗೆ ಕೊಟ್ಟು ಅಪ್ಪನ ಮುಂದೆ ಕುಣಿಯಲು ಇಳಿದಳು. ಎಲೆಯ ಮುಂದೆ ಕೂತಿದ್ದವರೂ ಎದ್ದರು. ಅನ್ನ ಆರಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ವಾರದ ನಂತರ ತಮಟೆಯಣ್ಣ ಫೋನ್ ಮಾಡಿದ. ನಾನು ಕೊರಟಗೆರೆಯಲ್ಲೇ ಇದ್ದೆ. “ಅಕ್ಕಾ, ಬೀಗರು ಕೇಳ್ತಾವ್ರೆ. ಆವತ್ತು ಮದ್ವೇಲಿ ಬಡ್ದ ಆ ಲಂಡನ್ನೋರು ಎಷ್ಟು ಜನ, ಅವ್ರು ಉಂಡ್ಕೊಂಡು ಹೋದ್ರಾ ಅಂತ. ಏನ್ ಹೇಳ್ಲಿ?”

ದೊಡ್ಡಮ್ಮ ರಟ್ಟು ತಿರುಗಿಸಿ, ಹಿಂಬದಿಯ ಹಾಡುಪಟ್ಟಿಯ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. “ಎಂಟು ಜನ ಅಂತ ಹೇಳಣ್ಣ. ಎಲ್ಲಾರೂ ಪಾಯಸ ಎರಡೆರಡು ಸಲ ಹಾಕುಸ್ಕೊಂಡ್ರು ಅನ್ನು.”