ಸೀಟಿನ ಕೆಳಗಿನ ಟಾಕಿ

ಎರಡು ದಿನ ಆತು, ಮುಂದಿನ ಬಾಗಲದ ಕಡೆ ನಾ ಕಾಲಿಟ್ಟಿಲ್ಲ. ಹಿತ್ತಲ ಬಾಗಲಾನ ನನಗ ಅಗಸಿ ಬಾಗಲ ಆಗೇತಿ. ಸೊಸಿ ಕೇಳಿದ್ಲು, "ಯಾಕ್ರಿ ಅತ್ತಿ, ಎದುರು ಮನಿಯಾಕಿ ಕೂಡ ಜಗಳಾಡೀರೇನು?" ಅಂತ. ಜಗಳಾಡಿದ್ರ ನಾ ಮುಂದಿನ ಬಾಗಲ ಬಿಟ್ಟು ಏಳ್ತಿದ್ದೆನೇನ್ರಿ? ಅಲ್ಲೇ ಕುರ್ಚಿ ಹಾಕ್ಕೊಂಡು ಕುಂದರ್ತಿದ್ದೆ.

ಅಂಗಳದಾಗ ಮೊಮ್ಮಗನ ಹಳೇ ಪಿಕಪ್ ಗಾಡೀದು ಎಣ್ಣಿ ತುಂಬೋ ಟಾಕಿ ಬಿಚ್ಚಿ ಗ್ವಾಡಿಗೆ ಆನಿಸಿ ಇಟ್ಟಾರ. ತುಕ್ಕು ತಿಂದು ಅದರ ತಳಾ ಜಲ್ಲಡಿ ಆಗೇತಿ. ಗಾಳಿ ಬೀಸಿದ್ರ ಅದರ ವಾಸನಿ ನಡುಮನಿ ತನಕ ಬರ್ತೈತಿ. "ಅದು ಡೀಸೆಲ್ ಐತಬೇ ಅಜ್ಜಿ, ಪೆಟ್ರೋಲ್ ಅಲ್ಲ, ಹಂಗೆಲ್ಲ ಬೆಂಕಿ ಹತ್ತಂಗಿಲ್ಲ" ಅಂತಾನ ಅವ. ಇರಬಹುದಪಾ. ನನ್ನ ಮೂಗು ಅಷ್ಟು ಸಾಲಿ ಕಲತಿಲ್ಲ.

ಮುಂಜಾನೆ ಫೋನ್ ಹಿಡಕೊಂಡು ಬಂದು ಚಿತ್ರ ತೋರಿಸಿದ. "ಇದು ಲೋಖಂಡದ ಟಾಕಿ, ಇದು ಪ್ಲಾಸ್ಟಿಕ್ ಟಾಕಿ, ಇದು ಗುಜರಿ ಅಂಗಡೀದು, ಭಾಳ ಅಗ್ಗ. ಯಾವುದು ತಗೊಳ್ಳಲಿ, ನೀನ ಹೇಳು" ಅಂದ, ಚ್ಯಾಷ್ಟಿಗೆ. ನಾ ಕೇಳಿದೆ, "ಇದರ ಮ್ಯಾಲೆ ಯಾರು ಕುಂದರ್ತಾರೋ?" ಅವ ನನ್ನ ಮಾರಿ ನೋಡಿದ, ಮುದುಕಿಗೆ ಅರಳು ಮರಳು ಆತು ಅನ್ನಂಗ. "ಟಾಕಿ ಮ್ಯಾಲೆ ಯಾರರ ಕುಂದರ್ತಾರೇನಬೇ?"

ನಮ್ಮವ್ವ ಕುಂದರ್ತಿದ್ಲು.

ಅವನಿಗೆ ಇದನ್ನ ಕೇಳಾಕ ಪುರಸೊತ್ತಿಲ್ಲ, ಗಿಣಿಗೇರಿ ಫ್ಯಾಕ್ಟರಿಗೆ ಮಾಲು ಒಯ್ಯಬೇಕು. ಅದಕ್ಕ ನಿಮಗ ಹೇಳ್ತೀನಿ. ಒಂದ ಬಟ್ಟಿಲೆ ಒತ್ತಿ ಒತ್ತಿ ಬರೀತೀನಿ, ತಡಕೋರಿ. ಈ ಫೋನ್ ಬಲು ಅವಸರದ್ದು. ನಾ ಅರ್ಧ ಮಾತು ಒತ್ತೋದ್ರಾಗ ಉಳದ ಅರ್ಧ ತಾನ ಹೇಳಾಕ ಬರ್ತೈತಿ. ತೀರಿಕೊಂಡ ನಮ್ಮ ಮನಿಯವರ ಚಾಳಿ ಇದಕ್ಕ ಯಾರು ಕಲಿಸಿದ್ರೋ.

ಅದು ನಿಜಾಮರ ಕಾಲ. ಎಲ್ಲೋ ದೂರದಾಗ ದೊಡ್ಡ ಯುದ್ಧ ನಡದಿತ್ತು. ಯಲಬುರ್ಗಾದಾಗ ನಮ್ಮ ಮನಿ. ನಮ್ಮಪ್ಪ ಒಂದು ಹಳೇ ಮೋಟಾರ ತಗೊಂಡಿದ್ದ. ಯಾರೋ ಸಾವಕಾರ್ರು ಓಡ್ಯಾಡಿ ಬಿಟ್ಟ ಕಾರು ಅದು. ಅದರ ಹಿಂದಿನ ಅರ್ಧ ಕೊಯ್ದು, ಹಲಗಿ ಬಡದು, ಚೀಲ ಹೇರೋ ಗಾಡಿ ಮಾಡಿದ್ದ. ಕುಷ್ಟಗಿ ಶೇಂಗಾ, ಗಂಗಾವತಿ ಅಕ್ಕಿ, ಏನ ಇದ್ರೂ ಹೇರ್ತಿದ್ದ. ಊರ ಮಂದಿ ಅದಕ್ಕ "ಅರ್ಧ ಮೋಟಾರ" ಅಂತಿದ್ರು. ಅಪ್ಪನ ಎದುರಿಗೆ ಹಂಗ ಅನ್ನೋ ಧೈರ್ಯ ಒಬ್ಬಾಕಿಗೆ ಇತ್ತು, ಅವನ ಹಡದಾಕಿಗೆ. ಆಕಿಗೆ ನಾವು ಆಯಿ ಅಂತಿದ್ವಿ.

ಆ ಗಾಡಿದು ಪೆಟ್ರೋಲ್ ಟಾಕಿ ಎಲ್ಲಿತ್ತಂದ್ರ, ಮುಂದಿನ ಸೀಟಿನ ಕೆಳಗ. ಸೀಟು ಎತ್ತಿ, ಮುಚ್ಚಳ ತಗದು, ಜ್ವಾಳದ ದಂಟು ಇಳಿಬಿಟ್ಟು, ದಂಟು ಎಷ್ಟು ತೊಯ್ತು ನೋಡಿದ್ರ ಎಷ್ಟು ಪೆಟ್ರೋಲ್ ಐತಿ ಗೊತ್ತಾಗ್ತಿತ್ತು. ಆಮ್ಯಾಲೆ ಸೀಟು ಮುಚ್ಚಿ ಅದರ ಮ್ಯಾಲೆ ಕುಂತು ಅಪ್ಪ ಬೀಡಿ ಹಚ್ಚತಿದ್ದ. ಬಾಜೂಕ ಅವ್ವ, ಆಕಿ ತೊಡಿ ಮ್ಯಾಲೆ ನಾನು. ಈಗ ನೆನಸಿದ್ರ ಬೆನ್ನಾಗ ನೀರು ಇಳೀತೈತಿ. ಅವಾಗ ನಮಗ ಸೀಟಂದ್ರ ಬರೇ ಸೀಟು.

ಆ ವರ್ಷ ಟಾಕಿ ಸೋರಾಕ ಹತ್ತಿತು. ಅಪ್ಪ ಬಟ್ಟಿ ಒಗಿಯೋ ಸಬಕಾರ ತಿಕ್ಕಿ ತೂತು ಮುಚ್ಚತಿದ್ದ, ಮತ್ತೊಂದು ಕಡೆ ಜಿನುಗತಿತ್ತು. ಅದ ಹೊತ್ತಿಗೆ ಅವ್ವ ಬಸರಿ. ನನ್ನ ಬೆನ್ನ ಮ್ಯಾಲೆ ಹುಟ್ಟಿದ ಎರಡು ಕೂಸು ಹುಟ್ಟತಾನ ಹೋಗಿದ್ವು. "ಈ ಸಲ ಹೆರಿಗಿ ಮನ್ಯಾಗ ಬ್ಯಾಡ, ಕೊಪ್ಪಳ ದವಾಖಾನಿಗೆ ಒಯ್ತೀನಿ" ಅಂತ ಅಪ್ಪ ಹಟಾ ಹಿಡದಿದ್ದ. ಹಂಗಾಗಿ ತಿಂಗಳು ತುಂಬೋದ್ರಾಗ ಬ್ಯಾರೆ ಟಾಕಿ ಬೇಕಾಗಿತ್ತು.

ಕೊಪ್ಪಳದಿಂದ ದಾವಲಸಾಬ ಮಿಸ್ತ್ರಿ ಬಂದ. ಮೋಟಾರ ರಿಪೇರಿ ಅವನ ಕಸಬು. ಎರಡು ಟಾಕಿ ತಂದು ನಮ್ಮ ಅಂಗಳದಾಗ ಇಟ್ಟ, ವರಾ ತೋರಿಸಿದಂಗ. ಒಂದು ದೊಡ್ಡದು, ವಿಲಾಯತಿ ಲೋಖಂಡ, ಗಂಗಾವತಿ ಗುಜರ್ಯಾಗ ಸಿಕ್ಕದ್ದು. ಇನ್ನೊಂದು ಸಣ್ಣದು, ಕೊಪ್ಪಳದ ತಗಡಿನವ ಚಿಮಣಿ ಎಣ್ಣಿ ಡಬ್ಬಿ ಕತ್ತರಿಸಿ ಬೆಸಿಗಿ ಹಾಕಿ ಮಾಡಿದ್ದು. ಹೊಸಾ ಟಾಕಿ ಯುದ್ಧದಾಗ ಎಲ್ಲಿಂದ ಬರಬೇಕು?

"ದೊಡ್ಡದ ಇರಲಿ. ಪೆಟ್ರೋಲ್ ಸಿಕ್ಕಾಗ ತುಂಬಿ ಇಟ್ಕೋಬೇಕು" ಅಂದ ಅಪ್ಪ.

"ದೊಡ್ಡದು ಇಟ್ರ ಸೀಟು ಮ್ಯಾಲೆ ಏಳತೈತಿ. ನನ್ನ ಹೊಟ್ಟಿ ಹೋಗಿ ಮುಂದಿನ ಗಾಜಿಗೆ ಬಡೀತೈತಿ" ಅಂದ್ಲು ಅವ್ವ.

ಆಯಿ ದೊಡ್ಡ ಟಾಕಿ ಸುತ್ತ ಒಂದು ಸುತ್ತು ಹೊಡದ್ಲು. "ಇದರ ಗಾಡಿ ಏನಾತು?"

ಮಿಸ್ತ್ರಿ ಸುಳ್ಳು ಹೇಳೋ ಮನಶ್ಯಾ ಅಲ್ಲ. "ಹಳ್ಳಕ್ಕ ಬಿತ್ರಿ ಅಮ್ಮಾರ. ಡ್ರೈವರ್ ಹ್ವಾದ. ಟಾಕಿ ಮಾತ್ರ ಬಿಲ್ಕುಲ್ ಛಲೋ ಐತಿ."

"ನೋಡಪಾ," ಅಂದ್ಲು ಆಯಿ ಅಪ್ಪಗ. "ಸತ್ತವನ ಅಂಗಿ ಕೊಟ್ರ ತೊಡ್ತಿಯೇನು? ಅದರ ಮ್ಯಾಲೆ ಬಸರಿ ಹೆಂಗಸನ್ನ ಕುಂದ್ರಸ್ತೀಯಂತ."

ಆಯಿ ಅಂಜಿಕಿ ಸುಮ್ ಸುಮ್ನ ಬಂದದ್ದಲ್ಲ. ನಮ್ಮ ಕಡೆ ಆಗಿನ ಕಾಲಕ್ಕ ಜ್ವಾಳ ಹಗೇವಿನ್ಯಾಗ ಇಡ್ತಿದ್ರು. ಬಾವಿಗತೆ ನೆಲಾ ತೋಡಿ, ಹುಲ್ಲು ಹಾಸಿ, ಜ್ವಾಳ ತುಂಬಿ, ಮ್ಯಾಲೆ ಮಣ್ಣು ಮುಚ್ಚೋದು. ವರ್ಷಾನಗಟ್ಲೆ ಮುಚ್ಚಿದ ಹಗೇವಿನ್ಯಾಗ ಕೆಟ್ಟ ಗಾಳಿ ತುಂಬಿರ್ತೈತಿ, ಝಳ ಅಂತಾರ ಅದಕ್ಕ. ಇಳದಾವ ತಿರುಗಿ ಮ್ಯಾಲೆ ಬರಂಗಿಲ್ಲ. ಅದಕ್ಕ ಮೊದಲು ಹಗ್ಗಕ್ಕ ದೀಪ ಕಟ್ಟಿ ಒಳಗ ಇಳಿಬಿಡಬೇಕು. ದೀಪ ಉರದ್ರ ಗಾಳಿ ಛಲೋ, ಆರಿದ್ರ ಒಳಗ ಯಮ ಕುಂತಾನ ಅಂತ ತಿಳಕೋಬೇಕು. ನಮ್ಮಜ್ಜ ಒಂದಿನ ಅವಸರ ಮಾಡಿ ದೀಪ ಬಿಡಲಾರದ ಇಳದ. ಅವನ್ನ ಹಗ್ಗ ಹಾಕಿ ಎಳದು ತಗದಾಗ ಮುಷ್ಟಿಯೊಳಗ ಜ್ವಾಳ ಹಂಗ ಇತ್ತಂತ. ಅವತ್ತಿನಿಂದ ಆಯಿ ಕತ್ತಲಿ ಇದ್ದ ಯಾವ ತೂತನ್ನೂ ನಂಬಲಿಲ್ಲ. ಬಾವಿಗೂ ದೀಪ, ಕಾಳಿನ ವಾಡೇಕ್ಕೂ ದೀಪ. ಒಮ್ಮೆ ನಾ ದೊಡ್ಡ ಗುಡಾಣದಾಗ ಅವಿತುಕೊಂಡಿದ್ದೆ, ಅದರಾಗೂ ದೀಪ ಇಳಿಬಿಟ್ಟು ನನ್ನ ನೆತ್ತಿ ಸುಟ್ಟಿದ್ಲು.

ಆ ಮುಂಜಾನೆ ಮಿಸ್ತ್ರಿ ಸೀಟಿನ ಕೆಳಗಿನ ಸೋರೋ ಟಾಕಿ ಬಿಚ್ಚಿ ತಗದು, ದೊಡ್ಡ ಟಾಕಿಯೊಳಗ ಸ್ವಲ್ಪ ಪೆಟ್ರೋಲ್, ಒಂದು ಬೊಗಸಿ ಸಣ್ಣ ಕಲ್ಲಿನ ಹಳ್ಳು ಹಾಕಿ ಗಲಗಲ ಅಲ್ಲಾಡಿಸಿ ತುಕ್ಕು ತೊಳದ. ಎಲ್ಲಾ ಹೊರಗ ಸುರುವಿ, ಮುಚ್ಚಳ ಹಾಕಿ ಬಿಸಲಿಗೆ ಇಟ್ಟ. ಆಮ್ಯಾಲೆ ಅಪ್ಪನೂ ಅವನೂ ಚಾ ಕುಡಿಯಾಕ ಹೋದ್ರು.

ಆಯಿ ಒಲಿ ಮುಂದಿಂದ ಎದ್ದು ಬಂದ್ಲು. ಟಾಕಿ ಬಾಯಿ ಸಣ್ಣದು, ದೀಪ ಹಿಡಿಯಂಗಿಲ್ಲ. ಅದಕ್ಕ ಹತ್ತಿ ಕಟಿಗಿ ತುದಿಗೆ ಎಣ್ಣಿ ಬತ್ತಿ ಸುತ್ತಿ ಹಚ್ಕೊಂಡು ಬಂದಿದ್ಲು. ಮೊದಲು ತಗಡಿನ ಟಾಕಿ. ಬತ್ತಿ ಒಳಗ ಇಳೀತು, ಉರೀತು, ತಣ್ಣಗ ಹೊರಗ ಬಂತು. "ಈ ಬಡವಿ ಹೊಟ್ಟಿ ಛಲೋ ಐತಿ" ಅಂದ್ಲು.

ಅವ್ವ ಕಟ್ಟಿ ಮ್ಯಾಲೆ ಕುಂತು ಪುಂಡಿಪಲ್ಲೆ ಸೋಸತಿದ್ಲು. "ಅತ್ತಿ, ಮಿಸ್ತ್ರಿ ಬರಲಿ, ತಡೀರಿ" ಅಂದ್ಲು.

"ಕೂಸು ಮಿಸ್ತ್ರಿ ಹೊಟ್ಯಾಗ ಐತೇನು?" ಅಂತಂದು ಆಯಿ ದೊಡ್ಡ ಟಾಕಿ ಮುಚ್ಚಳ ತಗದು ಬತ್ತಿ ಇಳಿಬಿಟ್ಲು.

ಢಂ ಅನ್ನಲಿಲ್ಲ ನೋಡ್ರಿ ಅದು, ಮೊದಲಿಗೆ. ಯಾರೋ ಒಳಗ ಕುಂತು ಉಸರು ಎಳಕೊಂಡಂಗ ಆತು. ಬೇವಿನ ಗಿಡದಾಗಿನ ಗುಬ್ಬಿ ಒಮ್ಮಿಗೇ ಹಾರಿದ್ವು. ಆಮ್ಯಾಲೆ ಸಪ್ಪಳ. ಟಾಕಿ ಹೋರಿಗತೆ ಜಿಗದು, ಅಂಗಳ ದಾಟಿ, ದನದ ಗ್ವಾದಲಿಗೆ ಬಡದು ಬಾಯಿ ಬಿಟ್ಟು ಬಿತ್ತು. ನನ್ನ ಕಿವ್ಯಾಗ ಬರೇ ಗುಂಯ್. ಹೊಗಿ ಕರಗಿದಾಗ ಆಯಿ ನೆಲದ ಮ್ಯಾಲೆ ಕಾಲು ಚಾಚಿ ಕುಂತಿದ್ಲು. ಹುಬ್ಬು ಇರಲಿಲ್ಲ. ಮುಂಗೂದಲು ಶಾವಿಗಿಗತೆ ಸುತ್ತಿಕೊಂಡಿತ್ತು. ಕಟಿಗಿ ಕೈಯಾಗ ಹಂಗ ಇತ್ತು.

"ಆರಿತೇನ?" ಅಂತ ಕೇಳಿದ್ಲು ನನಗ. "ದೀಪ ಆರಿತೇನ?"

ಮಿಸ್ತ್ರಿ ಓಡಿ ಬಂದ. "ಯಾ ಅಲ್ಲಾ! ತೊಳದ ಟಾಕಿಗೆ ಬೆಂಕಿ ತೋರಿಸಿದ್ರೇನ್ರಿ ಅಮ್ಮಾರ?"

"ಖಾಲಿ ಇತ್ತಲ್ಲೋ!"

"ಖಾಲಿ ಇದ್ದದ್ದಕ್ಕ ಹಿಂಗಾತ್ರಿ. ತುಂಬಿದ್ದು ಉರೀತೈತಿ, ಖಾಲಿ ಇದ್ದದ್ದು ಸಿಡೀತೈತಿ."

"ಮತ್ತ ಆ ತಗಡಿಂದು ಸುಮ್ನ ಇತ್ತು?"

"ಅದಿನ್ನ ಪೆಟ್ರೋಲ್ ಕುಡದಿಲ್ರಿ. ಒಮ್ಮೆ ಕುಡೀಲಿ, ಅದೂ ಇದರ ತಂಗೀನ."

ಅಪ್ಪ ಗಾಡಿ ಸೀಟಿನ ಕಡೆ ನೋಡ್ಕೋತ ನಿಂತಿದ್ದ. ಕಿವಿ ಮ್ಯಾಲಿನ ಬೀಡಿ ತಗದು ಬಟ್ಟಿನ್ಯಾಗ ಹಿಚುಕಿ ಪುಡಿ ಮಾಡಿದ. ಎಷ್ಟು ವರ್ಷ ಕುಂತಿದ್ದ ಅದರ ಮ್ಯಾಲೆ, ನಮ್ಮನ್ನೂ ಕುಂದ್ರಿಸಿಕೊಂಡು.

ಅಷ್ಟೊತ್ತಿಗೆ ಕಟ್ಟಿ ಕಡೆಯಿಂದ ಅವ್ವನ ದನಿ ಬಂತು. ಪಲ್ಲೆ ಇದ್ದ ಮೊರ ಕೆಳಗ ಬಿದ್ದಿತ್ತು. ಎರಡೂ ಕೈ ಹೊಟ್ಟಿ ಮ್ಯಾಲೆ. ಅಂಜಿಕಿಗೆ ಬ್ಯಾನಿ ಸುರು ಆಗಿಬಿಟ್ಟಿದ್ವು, ದಿನಾ ಇನ್ನೂ ತುಂಬಿರಲಿಲ್ಲ. ಸೂಲಗಿತ್ತಿ ಬಂದು ಹೊಟ್ಟಿ ಮುಟ್ಟಿ ನೋಡಿದ್ಲು. "ಕೂಸು ಅಡ್ಡ ಐತ್ರಿ. ನನ್ನ ಕೈಲೆ ಆಗಂಗಿಲ್ಲ. ಕೊಪ್ಪಳಕ್ಕ ಒಯ್ಯಿರಿ, ಈಗಿಂದೀಗ."

ಚಕ್ಕಡಿ ಹೂಡಿದ್ರ ಹೊತ್ತು ಮುಳುಗತಿತ್ತು. ಮೋಟಾರನ ಆಗಬೇಕು. ಅವ್ವ ಬ್ಯಾನಿ ನಡುವ ಅಪ್ಪನ ಅಂಗಿ ಹಿಡದು ಅಂದ್ಲು, "ಆ ತಗಡಿನ ಟಾಕಿ ನನ್ನ ಕೆಳಗ ಇಡಬ್ಯಾಡ್ರಿ. ಅದರ ಮ್ಯಾಲೆ ಕುಂದ್ರಾಂಗಿಲ್ಲ ನಾ. ಇಲ್ಲೇ ಸಾಯ್ತೀನಿ."

"ಇಡಂಗಿಲ್ಲ" ಅಂದ ಅಪ್ಪ. ಮಿಸ್ತ್ರಿ ಕಡೆ ತಿರುಗಿ, "ಹಿಂದ ಹಲಗಿ ಮ್ಯಾಲೆ ಇಡು. ಆಗ್ತೈತಿಲ್ಲೋ?"

ಮಿಸ್ತ್ರಿ ತಾಮ್ರದ ನಳಿಗಿ ಹಿಡದು ಅಳತಿ ನೋಡಿದ. "ಆಗ್ತೈತ್ರಿ. ಎಂಜಿನ್‌ಗಿಂತ ಎತ್ತರಕ್ಕ ಐತಿ, ಪೆಟ್ರೋಲ್ ತಾನ ಇಳೀತೈತಿ. ಆದ್ರ ಬರೇ ತಗಡು. ಬಿಗದು ಕಟ್ಟಿದ್ರ ನುಗ್ಗಾಗ್ತೈತಿ, ಸಡ್ಲ ಬಿಟ್ರ ಕುಣದು ಕುಣದು ಬೆಸಿಗಿ ಬಿಚ್ಚತೈತಿ. ಯಾರರ ಅವಚಿಕೊಂಡು ಕುಂದ್ರಬೇಕು."

 ಓಣಿ ಗಂಡಸರೆಲ್ಲಾ ಗ್ವಾದಲ್ಯಾಗ ಬಾಯಿ ಬಿಟ್ಟುಕೊಂಡು ಬಿದ್ದಿದ್ದ ದೊಡ್ಡ ಟಾಕಿ ನೋಡಾಕ ಹತ್ತಿದ್ರು. ಆಯಿ ಸೀರಿ ಕಚ್ಚಿ ಬಿಗದು ಗಾಲಿ ಮ್ಯಾಲೆ ಕಾಲಿಟ್ಟು ಏರಿದ್ಲು. "ತಾ ಇಲ್ಲೆ. ಸಿಡದ್ರ ಮೊದಲು ನನಗ ಸಿಡೀಲಿ."

ಪೆಟ್ರೋಲ್ ತುಂಬಿದ ಟಾಕಿ ಆಕಿ ತೊಡಿ ಮ್ಯಾಲೆ ಬಂತು. ಸುತ್ತ ಹಸಿ ಗೋಣಿ ಹೊದಿಸಿದ್ರು. ಮುಂದ ಅಪ್ಪ, ಅವ್ವ, ಸೂಲಗಿತ್ತಿ. ಮಿಸ್ತ್ರಿ ಬಾಜೂಕಿನ ಪಾವಟಿಗಿ ಮ್ಯಾಲೆ ನಿಂತು ನಳಿಗಿ ಕಾಯತಿದ್ದ. ನನ್ನ ಹಿಡಿಯಾಕ ಮನ್ಯಾಗ ಯಾರೂ ಉಳೀಲಿಲ್ಲ, ನಾನೂ ಹಿಂದಿನಿಂದ ಹತ್ತಿಬಿಟ್ಟೆ. ಗಾಡಿ ಬಿಟ್ಟ ಮ್ಯಾಲೆ ಆಯಿ ನನ್ನ ನೋಡಿದ್ಲು. ಬೈಯಲಿಲ್ಲ. ಅದ ನನಗ ಮೊದಲ ಅಂಜಿಕಿ. "ಆ ಜ್ವಾಳದ ಚೀಲದ ಹಿಂದ ಕುಂದ್ರು, ತಲಿ ಎತ್ತಬ್ಯಾಡ" ಅಂದ್ಲು ಅಷ್ಟ.

ಕರೀ ಮಣ್ಣಿನ ರಸ್ತಾ. ಗಾಡಿ ಕುಣೀತಿತ್ತು. ಟಾಕಿಯೊಳಗ ಪೆಟ್ರೋಲ್ ಗುಳುಗುಳು ಅಂತಿತ್ತು, ತಗಡು ಲಟಲಟ ಬಡಕೋತಿತ್ತು. ಮುಚ್ಚಳದ ಸಂದ್ಯಾಗ ಜಿನುಗಿ ಆಯಿ ಸೆರಗು ತೊಯ್ದಿತ್ತು. ಆ ವಾಸನಿ ನನ್ನ ಗಂಟಲದಾಗ ಇಳದು ಕುಂತುಬಿಟ್ಟಿತು. ಎದುರಿಗೆ ಬಂದ ಒಬ್ಬ ಕುರಿ ಕಾಯೋನು ಚುಟ್ಟಾ ಸೇದತಿದ್ದ. ಆಯಿ ಒದರಿದ್ದಕ್ಕ ಅವ ಚುಟ್ಟಾ ಅಷ್ಟ ಅಲ್ಲ, ಕೈಯಾಗಿನ ಕೋಲೂ ಒಗದು ಓಡಿದ. ಮುಂದಿಂದ ಅವ್ವನ ನರಳಾಟ ಕೇಳತಿತ್ತು. ಅದು ಕೇಳಿದ್ರ ಅಂಜಿಕಿ, ಕೇಳದಿದ್ರ ಇನ್ನೂ ಅಂಜಿಕಿ.

ನಡುವ ಒಂದು ಹಳ್ಳದಾಗ ಎಂಜಿನ್ ಕಾದು ಹೊಗಿ ಬಂತು. ಅಪ್ಪ ಗಾಡಿ ಬಂದ್ ಮಾಡಿದ. ಮಿಸ್ತ್ರಿ ನೀರು ತರಾಕ ಇಳದ. ಎಲ್ಲಾ ಸಪ್ಪಳ ನಿಂತಿತು. ಆದ್ರ ನನ್ನ ಎದುರಿಗಿನ ತಗಡು ಇನ್ನೂ ಲಟಲಟ ಅಂತಿತ್ತು.

ಗಾಡಿ ನಿಂತೈತಿ, ಟಾಕಿ ಯಾಕ ಅಲಗಾಡತೈತಿ? ನಾ ಚೀಲದ ಹಿಂದಿಂದ ತಲಿ ಎತ್ತಿದೆ. ಆಯಿ ಕೈ ನಡಗತಿದ್ವು. ಊರ ಗೌಡನಿಗೂ ಎದುರು ಮಾತಾಡೋ ನಮ್ಮ ಆಯಿ, ಕಣ್ಣು ಮುಚ್ಚಿ, ಟಾಕಿಗೆ ಗಲ್ಲ ಹಚ್ಚಿ, ಕೂಸಿಗೆ ಅನ್ನಂಗ ಅನ್ನಾಕ ಹತ್ತಿದ್ಲು, "ಸುಮ್ನಿರು ನಮ್ಮವ್ವಾ, ಸುಮ್ನಿರು. ಇನ್ನೊಂದೀಟು ತಡಿ."

ಮಿಸ್ತ್ರಿ ನೀರು ಹೊಯ್ದ, ಗಾಡಿ ಮತ್ತ ಹೊಂಟಿತು. ನಾ ತಲಿ ಕೆಳಗ ಹಾಕಿದೆ.

ಕೊಪ್ಪಳ ದವಾಖಾನಿ ಮುಂದ ಅವ್ವನ್ನ ಎತ್ತಿಕೊಂಡು ಒಳಗ ಓಡಿದ್ರು. ಆಯಿ ಗಾಡ್ಯಾಗ ಕುಂತೇ ಇದ್ಲು. "ಬಿಡ್ರಿ ಅಮ್ಮಾರ, ಬಂದ್ವಿ" ಅಂದ ಮಿಸ್ತ್ರಿ. "ಬಿಡಾಕ ಬರವಲ್ದೋ" ಅಂದ್ಲು. ಅವ ಆಕಿ ಬಟ್ಟು ಒಂದೊಂದಾಗಿ ಬಿಡಿಸಿದ.

ಅವತ್ತು ಸಂಜಿಮುಂದ ಹುಟ್ಟಿದಾಕಿ ನನ್ನ ತಂಗಿ. ಅವ್ವನೂ ಉಳದ್ಲು. ತಗಡಿನ ಟಾಕಿ ಆಮ್ಯಾಲೆ ಹಿಂದಿನ ಹಲಗಿಗೇ ಗಟ್ಟಿ ಆತು. ಮತ್ತ ಯಾರೂ ಅದರ ಮ್ಯಾಲೆ ಕುಂದ್ರಲಿಲ್ಲ. ಆಯಿ ಹುಬ್ಬು ಬರಾಕ ಭಾಳ ದಿನಾ ಹಿಡೀತು, ಒಂದು ಹುಬ್ಬು ಸೊಟ್ಟ ಬಂತು. ನಮ್ಮ ಮನ್ಯಾಗ ಯಾವ ಮದುವಿ, ಯಾವ ಸೀಮಂತ ಆದ್ರೂ ಆ ಹುಬ್ಬಿನ ಕಥಿ ಹೇಳಿ ನಗೋದ ನಗೋದು. ಆಯಿನೂ ನಗತಿದ್ಲು. ನಾನು ಎಲ್ಲಾರಿಗಿಂತ ಛಲೋ ಹೇಳ್ತಿದ್ದೆ, ಕಟಿಗಿ ಹಿಡದು ಕುಂತು ತೋರಿಸಿ. ಹಳ್ಳದಾಗಿನ ಮಾತು ಬಾಯಿಗೆ ಬರತಿರಲಿಲ್ಲ. ಅವಾಗ ಆಯಿ ನನ್ನ ಈಗಿನ ವಯಸ್ಸಿಗಿಂತ ಎಷ್ಟೋ ಸಣ್ಣಾಕಿ. ಬದಕೋ ಆಸೆ ಇರೋ ಹೆಂಗಸು.

ಮೊಮ್ಮಗ ಕಡೀಕ ಲೋಖಂಡದ ಟಾಕೀನ ಆರಿಸ್ಯಾನ. ಹಳೇ ಖಾಲಿ ಟಾಕಿಗೆ ಬೆಂಕೀಲೆ ಬೆಸಿಗಿ ಹಾಕಿಸಿ ಇಟ್ಕೊಳ್ತೀನಿ ಅಂದಾಗ ಮಾತ್ರ ನಾ ಬೈದದ್ದು ಎದುರು ಮನಿಗೂ ಕೇಳೇತಿ.

ಇಷ್ಟು ಬರದು ತಂಗಿಗೆ ಫೋನ್ ಹಚ್ಚಿದೆ. ಆಕಿ ಕುಷ್ಟಗ್ಯಾಗ ಇರ್ತಾಳ.

"ಏನಕ್ಕಾ, ಆರಾಮ ಅದಿಯಿಲ್ಲೋ?"

"ನಿನಗ ಪೆಟ್ರೋಲ್ ವಾಸನಿ ಹೆಂಗ ಅನಸ್ತೈತಿ?"

"ಎಂಥಾ ಪ್ರಶ್ನೆ ಇದು? ಖರೇ ಹೇಳ್ಲಿ? ಭಾಳ ಸೇರ್ತೈತಿ. ಬಸ್ಸು ಪಂಪಿನ ಮುಂದ ನಿಂತ್ರ ಕಿಟಕಿ ತಗದು ಮೂಗು ಹೊರಗ ಹಾಕ್ತೀನಿ. ಸೊಸಿ ನಾಚಿ ಸಾಯ್ತಾಳ."

ನಾ ನಕ್ಕೆ. ನಕ್ಕೋತ ನಕ್ಕೋತ ಆಕಿಗೆ ಆ ಹಳ್ಳದ್ದು ಹೇಳಿದೆ, ಗಾಡಿ ನಿಂತ ಮ್ಯಾಲೂ ಟಾಕಿ ಲಟಲಟ ಅಂದದ್ದು, ಆಯಿ ಕೈ. ಆ ಕಡೆ ಏನೂ ಕೇಳವಲ್ದು. ಫೋನ್ ಕೆಟ್ಟಿತು ಅಂದ್ಕೊಂಡೆ.

"ಆಯಿ ಅಂಜಿದ್ಲಾ ಅಕ್ಕಾ?" ಅಂದ್ಲು ತಂಗಿ ಕಡೀಕ. "ಹುಬ್ಬಿನ ಕಥಿ ಅಷ್ಟ ಹೇಳೀರಲ್ಲ ನೀವೆಲ್ಲಾ."

"ಭಾಳ ಅಂಜಿದ್ಲವಾ. ನಾ ಒಬ್ಬಾಕಿ ಅಷ್ಟ ನೋಡೇನಿ."

ಆಕಿ ಮೂಗು ಒರಸಿಕೊಂಡದ್ದು ಕೇಳಿಸಿತು.

"ಇನ್ನೊಮ್ಮೆ ಹೇಳು," ಅಂದ್ಲು. "ಮೊದಲಿಂದ ಹೇಳು. ಈ ಸಲ ನಗಸಬ್ಯಾಡ."